ಹತ್ತದೆ ಹೋದ ದೀಪ

ಕಾರು ನಿಲ್ಲುವ ಜಾಗಕ್ಕೆ ಸ್ಕೂಟರನ್ನು ತಳ್ಳಿ ಸ್ಟ್ಯಾಂಡ್ ಹಾಕುವಾಗ ಅವನ ಎಡಗಾಲು ಅರ್ಧ ಗೇಣು ಜಾರಿತು. ಗಂಟೆ ಒಂಬತ್ತು ಇಪ್ಪತ್ತು. ಸಿಮೆಂಟಿನ ನೆಲದ ಮೇಲೆ ಅಂಗೈಯಗಲ ಒದ್ದೆಯಾಗಿತ್ತು. ಕುಕ್ಕರುಗಾಲಲ್ಲಿ ಕೂತು ಎರಡು ಬೆರಳಿನಿಂದ ಉಜ್ಜಿ ನೋಡಿದ. ನೀರಲ್ಲ. ಎಂಜಿನ್ ಆಯಿಲ್‌ನಂತೆ ಕಪ್ಪೂ ಅಲ್ಲ. ತೆಳು, ತಿಳಿ ಹಳದಿ, ಸೋಪಿನ ನೀರಿಗಿಂತ ನುಣುಪು. ಕಾರಿನ ಹಿಂದಿನ ಎಡಚಕ್ರ ನಿಲ್ಲುವುದು ಸರಿಯಾಗಿ ಅದೇ ಜಾಗದಲ್ಲಿ.

ಅದು ಬ್ರೇಕ್ ಆಯಿಲ್.

ಕಾರು ಅಲ್ಲಿರಲಿಲ್ಲ. ಅವನ ತಾಯಿ ಹತ್ತು ಗಂಟೆಗೆ ಕಣ್ಣಿನ ಡಾಕ್ಟರ ಬಳಿ ಇರಬೇಕಿತ್ತು. ಕರೆದುಕೊಂಡು ಹೋಗುವುದು ಹೆಂಡತಿ ಎಂದು ಹಿಂದಿನ ದಿನವೇ ಮಾತಾಗಿತ್ತು.

ಅವನು ಲಿಫ್ಟ್ ಮೆಕ್ಯಾನಿಕ್. ಆ ಕೆಲಸದಲ್ಲಿ ಹತ್ತೊಂಬತ್ತು ವರ್ಷ. ಆ ಬೆಳಿಗ್ಗೆಯೂ ಆರು ಗಂಟೆಗೆ ಕರೆ ಬಂದು, ಮೂರನೆಯ ಮತ್ತು ನಾಲ್ಕನೆಯ ಮಹಡಿಯ ನಡುವೆ ನಿಂತುಹೋಗಿದ್ದ ಲಿಫ್ಟೊಂದನ್ನು ಸರಿಮಾಡಿ ಬಂದಿದ್ದ. ಲಿಫ್ಟಿನ ಬ್ರೇಕಿಗೆ ಹೆದರಬೇಕಾಗಿಲ್ಲ ಎಂದು ಅವನು ಎಷ್ಟೋ ಜನರಿಗೆ ಸಮಾಧಾನ ಹೇಳಿದ್ದಾನೆ. ಅದನ್ನು ತೆರೆದು ಹಿಡಿಯುವುದು ಕರೆಂಟು. ಕರೆಂಟು ಹೋದರೆ ಸ್ಪ್ರಿಂಗ್ ತಾನಾಗಿ ಕಚ್ಚಿಕೊಳ್ಳುತ್ತದೆ, ಅಂದರೆ ಕೆಟ್ಟರೂ ನಿಲ್ಲುತ್ತದೆ. ಕಾರಿನದು ತಿರುಗಾಮುರುಗಾ. ಅದು ಕೆಟ್ಟರೆ ನಿಲ್ಲುವುದೇ ಇಲ್ಲ.

ಕಾರು ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಹದಿನೇಳು ವರ್ಷ ಹಳೆಯದು, ಬೂದಿ ಬಣ್ಣ, ನಾಲ್ಕು ಬಾಗಿಲು, ಎರಡು ದೊಡ್ಡ ಪೆಟ್ಟಿಗೆ ಹಿಡಿಸುವ ಡಿಕ್ಕಿ. ನೋಡಿದ ಆರು ಕಾರುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಮಾರಿದವರು ನಿವೃತ್ತ ಟೀಚರು. ಯಾವ ತಾರೀಖು ಯಾವ ಆಯಿಲ್ ಬದಲಾಯಿತು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟ ನೋಟ್‌ಬುಕ್ಕನ್ನು ಕೀ ಜೊತೆಗೆ ಕೊಟ್ಟಿದ್ದರು. ಕಾರು ಏಳುವುದೂ ನಿಧಾನ, ತಿರುಗುವುದೂ ನಿಧಾನ ಎಂದು ತಾಯಿ ಅದಕ್ಕೆ ‘ಎಮ್ಮೆ’ ಎಂದು ಹೆಸರಿಟ್ಟಿದ್ದಳು.

ಮೂರು ವಾರದ ಹಿಂದೆ ತಿರುವುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿ ಆರತೊಡಗಿತು. ಬ್ರೇಕ್ ಆಯಿಲ್ ಕಡಿಮೆಯಾದರೆ ಹತ್ತುವ ದೀಪ. ಅವನು ಬಾನೆಟ್ ಎತ್ತಿ ನೋಡಿದ. ಬ್ರೇಕ್ ಆಯಿಲ್ ಡಬ್ಬಿಯ ಮೇಲಿನ ಎರಡು ಗೆರೆಗಳ ನಡುವೆ, ಕೆಳಗಿನ ಗೆರೆಗೆ ಹತ್ತಿರ, ಆಯಿಲ್ ಇತ್ತು. ಆಯಿಲ್ ಇದೆ, ದೀಪ ಹತ್ತುತ್ತಿದೆ, ಹಾಗಾದರೆ ಹೋಗಿರುವುದು ಸೆನ್ಸರ್ ಎಂದು ತೀರ್ಮಾನಿಸಿದ. ಡಬ್ಬಿಯ ಮುಚ್ಚಳದ ಮೇಲಿನ ಸೆನ್ಸರ್ ಪ್ಲಗ್ಗನ್ನು ಕಿತ್ತು, ಕಪ್ಪು ಟೇಪು ಸುತ್ತಿ, ಪಕ್ಕಕ್ಕೆ ಸಿಕ್ಕಿಸಿದ. ದೀಪ ಆರಿತು. ಭಾನುವಾರ ಸರಿಯಾಗಿ ನೋಡೋಣ ಎಂದುಕೊಂಡ.

“ಸರಿಹೋಯ್ತಾ?” ಎಂದು ಹೆಂಡತಿ ಕೇಳಿದ್ದಳು.

“ಹೂಂ, ಸರಿಹೋಯ್ತು” ಎಂದಿದ್ದ.

ಆಮೇಲೆ ಮೂರು ಭಾನುವಾರ ಕಳೆದಿದ್ದವು.

ಲಿಫ್ಟಿನಲ್ಲಾಗಿದ್ದರೆ ಹೀಗೆ ಮರೆಯಲು ಸಾಧ್ಯವಿರಲಿಲ್ಲ. ಬಾಗಿಲಿನ ಸ್ವಿಚ್ಚನ್ನು ಪರೀಕ್ಷಿಸಲು ಅದರ ಎರಡು ತುದಿಗೆ ತಂತಿ ಜೋಡಿಸಿ, ಬಾಗಿಲು ಮುಚ್ಚಿದೆ ಎಂದು ಲಿಫ್ಟನ್ನು ಸ್ವಲ್ಪ ಹೊತ್ತು ನಂಬಿಸಬೇಕಾಗುತ್ತದೆ. ಆ ತಂತಿ ಅಲ್ಲೇ ಉಳಿದರೆ ಬಾಗಿಲು ತೆರೆದಿದ್ದರೂ ಲಿಫ್ಟು ಚಲಿಸುತ್ತದೆ, ಜನ ಸಾಯುತ್ತಾರೆ. ಅದಕ್ಕೇ ಆ ತಂತಿಗಳು ಕೆಂಪು. ಅದಕ್ಕೇ ಪ್ರತಿಯೊಬ್ಬನ ಚೀಲದಲ್ಲಿ ಐದೇ ಇರುತ್ತವೆ. ಕೆಲಸ ಮುಗಿದ ಮೇಲೆ ಎಣಿಸಿ ಐದಿದ್ದರೆ ಮಾತ್ರ ಹೊರಡಬಹುದು. ಕಾರಿನಲ್ಲಿ ಅವನು ಯಾವ ತಂತಿಯನ್ನೂ ಹಾಕಿರಲಿಲ್ಲ, ಬರೀ ಒಂದು ಪ್ಲಗ್ ಕಿತ್ತಿದ್ದ. ಚೀಲದಲ್ಲಿ ಯಾವುದೂ ಕಡಿಮೆಯಾಗಿರಲಿಲ್ಲ.

ಹೆಂಡತಿಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲಿಲ್ಲ. ಓಡಿಸುವಾಗ ಯಾರು ಮಾಡಿದರೂ, ತಾನೇ ಮಾಡಿದರೂ ಫೋನ್ ಮುಟ್ಟಕೂಡದು ಎಂದು ಮೊದಲ ದಿನವೇ ಅವಳಿಂದ ಮಾತು ತೆಗೆದುಕೊಂಡವನು ಅವನೇ. ಮೂರನೆಯ ಸಲ ತಾಯಿಯ ನಂಬರಿಗೆ ಮಾಡಿದ. ಆರನೆಯ ರಿಂಗಿಗೆ ತಾಯಿ ಎತ್ತಿದಳು.

“ಯಾರು?”

“ಅಮ್ಮಾ, ನಾನು. ಎಲ್ಲಿದೀರಾ?”

“ಕಾರಲ್ಲಿ ಕಣೋ, ಇನ್ನೆಲ್ಲಿ? ನನ್ನ ಕನ್ನಡಕ ಹುಡುಕಿ ಹೊರಡೋ ಹೊತ್ತಿಗೆ ಒಂಬತ್ತೂಕಾಲು. ನಿನ್ನ ಹೆಂಡ್ತಿ ಕಾರು ಓಡಿಸ್ತಿದಾಳೋ ಮೆರವಣಿಗೆ ಹೊರಟಿದಾಳೋ ಗೊತ್ತಾಗ್ತಿಲ್ಲ. ಈಗ ತಾನೇ ಒಬ್ಬ ನಡ್ಕೊಂಡೇ ನಮ್ಮನ್ನ ದಾಟಿ ಹೋದ.”

“ಎಲ್ಲಿ, ಯಾವ ರಸ್ತೆ?”

“ನೀರಿನ ಟ್ಯಾಂಕ್ ದಾಟಿದ್ವಿ.”

ಟ್ಯಾಂಕಿನಿಂದಾಚೆ ಇಳಿಜಾರು. ಒಂದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ನಾಲ್ಕು ತಿರುವು, ಕೊನೆಗೆ ಸಿಗ್ನಲ್. ಸಿಗ್ನಲ್ಲಿನಲ್ಲಿ ಅಡ್ಡ ಹಾಯುವುದು ಲಾರಿಗಳು ಓಡುವ ದೊಡ್ಡ ರಸ್ತೆ.

‘ನಿಲ್ಲಿಸೋಕೆ ಹೇಳು’ ಎಂಬ ಮಾತು ಅವನ ಗಂಟಲಿನವರೆಗೆ ಬಂತು. ಅಲ್ಲೇ ತಡೆದ. ನಿಲ್ಲಿಸು ಎಂದರೆ ಯಾರಾದರೂ ಒತ್ತುವುದು ಬ್ರೇಕನ್ನೇ. ಒತ್ತಿದಷ್ಟೂ ಉಳಿದ ಆಯಿಲ್ ಹೊರಗೆ ಬರುತ್ತದೆ.

“ಅಮ್ಮಾ, ನಾನು ಹೇಳಿದ್ದನ್ನ ಹಾಗೇ ಅವಳಿಗೆ ಹೇಳು. ಗೇರು ಇಳಿಸ್ಬೇಕು. ಫಸ್ಟ್ ಗೇರಿಗೆ ತರ್ಬೇಕು. ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೀಬೇಕು. ಕಾಲಿನ ಬ್ರೇಕ್ ನಂಬ್ಬೇಡ ಅನ್ನು.”

“ಏನು ನಂಬ್ಬಾರ್ದು?” ತಾಯಿಯ ದನಿ ಫೋನಿನಿಂದ ದೂರವಾಯಿತು. “ಏನಮ್ಮಾ, ನಿನ್ನ ಗಂಡ ಏನೋ ಹ್ಯಾಂಡ್‌ಬ್ರೇಕು ಅಂತಿದಾನೆ ನೋಡು.”

ಹೆಂಡತಿಯ ದನಿ ಸಣ್ಣದಾಗಿ ಕೇಳಿತು. “ಓಡಿಸೋವಾಗ ಫೋನ್ ಬೇಡ ಅಂದೋರು ಅವರೇ. ಈಗ ಮನೇಲಿ ಕೂತ್ಕೊಂಡೇ ಗಾಡಿ ಓಡಿಸ್ತಾರಂತಾ?”

“ಕೇಳಿಸ್ತೇನೋ? ನಗ್ತಿದಾಳೆ.”

“ನಗೋದು ಬಿಟ್ಟು ಹೇಳಿದ್ದು ಮಾಡೋಕೆ ಹೇಳಮ್ಮಾ! ಕಾಲಿನ ಬ್ರೇಕ್…”

“ಅತ್ತೆ” ಎಂದಳು ಹೆಂಡತಿ. ದನಿಯಲ್ಲಿ ನಗು ಇರಲಿಲ್ಲ. “ಅತ್ತೆ, ಮುಂದಿನ ಸೀಟು ಗಟ್ಟಿಯಾಗಿ ಹಿಡ್ಕೊಳ್ಳಿ.”

ಏನೋ ಬಿದ್ದ ಸದ್ದು. ಆಮೇಲೆ ಲೈನು ಸತ್ತಿತು.

ಸ್ಕೂಟರು ಹತ್ತಿದ್ದು, ಬೀದಿಯ ಕೊನೆಗೆ ತಲುಪಿದ್ದು ಅವನಿಗೆ ನೆನಪಿಲ್ಲ. ಹೆಲ್ಮೆಟ್ ಮನೆಯ ಮೆಟ್ಟಿಲ ಮೇಲೇ ಉಳಿದಿತ್ತು. ಟ್ಯಾಂಕ್ ಬಂತು. ಕಾರಿನ ಬ್ರೇಕಿಗೆ ಆಯಿಲ್ ಹರಿಯಲು ಎರಡು ಪ್ರತ್ಯೇಕ ಹಾದಿ ಇರುತ್ತದೆ, ಒಂದು ಖಾಲಿಯಾದರೂ ಇನ್ನೊಂದು ಅರ್ಧ ಕೆಲಸ ಮಾಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹೊಸ ಕಾರಿಗೆ ಅದು ನಿಜ. ಆಯಿಲನ್ನು ತಡೆದು ಹಿಡಿಯುವ ಹದಿನೇಳು ವರ್ಷದ ರಬ್ಬರು ಹೇಗಿದೆಯೋ ಅವನು ಬಿಚ್ಚಿ ನೋಡಿರಲಿಲ್ಲ.

ಮೊದಲ ತಿರುವಿನಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲಿ ರಸ್ತೆಯಂಚಿಗೆ ಗಾಜಿನ ಚೂರುಗಳು ಮಿಂಚಿದವು. ಸ್ಕೂಟರು ನಿಧಾನಿಸಿ ನೋಡಿದ. ಹಸಿರು ಗಾಜು, ಬಾಟಲಿಯದು. ಕೆಳಗಿನಿಂದ ಹಾರ್ನ್ ಕೇಳಿಬರುತ್ತಿತ್ತು. ಒಂದೇ ಹಾರ್ನ್, ಬಿಡದೆ, ಯಾರೋ ಅದರ ಮೇಲೆ ಒರಗಿಬಿದ್ದಂತೆ.

ಮೂರನೆಯ ತಿರುವಿನಲ್ಲಿ ವಾಹನಗಳು ಸಾಲುಗಟ್ಟಿದ್ದವು. ಹಾರ್ನ್ ಒತ್ತುತ್ತಿದ್ದವನು ಸಾಲಿನಲ್ಲಿ ಸಿಕ್ಕಿಕೊಂಡ ವ್ಯಾನಿನ ಡ್ರೈವರ್. ರಸ್ತೆಯ ತುಂಬ ಟೈರುಗಳು ಉರುಳಿ ಬಿದ್ದಿದ್ದವು. ಅವುಗಳಾಚೆ ಟೈರ್ ಅಂಗಡಿ. ಅಂಗಡಿಯ ಮುಂದೆ ಪೇರಿಸಿದ್ದ ಹಳೆಯ ಟೈರುಗಳ ಗೋಡೆಯೊಳಗೆ ಎಮ್ಮೆ ಮೂತಿ ತೂರಿಸಿ ನಿಂತಿತ್ತು.

ತಾಯಿ ಒಂದು ಟೈರಿನ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಹೆಂಡತಿ ಕಾರಿನ ಪಕ್ಕ ನಿಂತಿದ್ದಳು. ಅವನು ಇಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿದ. ರಕ್ತವಿರಲಿಲ್ಲ.

“ಬಾಪ್ಪಾ, ಬಾ” ಎಂದಳು ತಾಯಿ. “ನಿನ್ನ ಎಮ್ಮೆ ಕೊಟ್ಟಿಗೆ ಸೇರ್ಕೊಂಡಿದೆ. ಫೋನು ಸೀಟಿನ ಅಡಿ ಎಲ್ಲೋ ಹೋಯ್ತು.”

ಹೆಂಡತಿಯ ಬಲಗೈ ಮುಷ್ಟಿ ಬಿಗಿದೇ ಇತ್ತು. ಒಳಗೆ ಕೀ. ಬೆರಳು ಬಿಡಿಸಲು ಅವಳಿಗೆ ಆಗುತ್ತಿರಲಿಲ್ಲ.

“ಪೆಡಲ್ಲು ಸೀದಾ ಕೆಳಕ್ಕೆ ಹೋಯ್ತು ರೀ” ಎಂದಳು. “ನೀರೊಳಗೆ ಕಾಲಿಟ್ಟ ಹಾಗೆ. ಯಾವಾಗ್ಲೂ ಸೆಕೆಂಡ್ ಗೇರಲ್ಲೇ ಹೋಗ್ತೀಯ ಅಂತ ನೀವು ಆಡ್ಕೊಳ್ತಿದ್ರಲ್ಲ, ಅದೇ ಗೇರಲ್ಲಿದ್ದೆ. ಅತ್ತೆ ಹ್ಯಾಂಡ್‌ಬ್ರೇಕ್ ಅಂದಿದ್ದು ತಲೇಲಿತ್ತು, ಎಳೆದೆ. ಅರ್ಧ ನಿಲ್ತು. ಮಿಕ್ಕಿದ್ದನ್ನ ಟೈರು ನಿಲ್ಲಿಸ್ತು.”

ಟೈರ್ ಅಂಗಡಿಯವನು ರಸ್ತೆಯಿಂದ ಎರಡು ಟೈರು ಉರುಳಿಸಿಕೊಂಡು ಬಂದ. “ನಲವತ್ತೊಂದು ಪೇರಿಸಿದ್ದೆ ಸಾರ್. ಮೂವತ್ತೆಂಟು ಸಿಕ್ಕಿದೆ. ಮಿಕ್ಕ ಮೂರು ಸಿಗ್ನಲ್ ಹತ್ರ ಹಸಿರು ದೀಪಕ್ಕೆ ಕಾಯ್ತಿರ್ಬೇಕು.” ಟೈರುಗಳನ್ನು ಬದಿಗಿಟ್ಟು, ಕೇಳದೆಯೇ ಬಾನೆಟ್ ಎತ್ತಿದ. ಆಯಿಲ್ ಡಬ್ಬಿಯನ್ನು ಬೆರಳಿನಿಂದ ತಟ್ಟಿದ. ಖಾಲಿ. ಆಮೇಲೆ ಪಕ್ಕಕ್ಕೆ ಬಗ್ಗಿ, ಕಪ್ಪು ಟೇಪು ಸುತ್ತಿದ ಪ್ಲಗ್ಗನ್ನು ಎಳೆದು ತೋರಿಸಿದ.

“ನೋಡಿ, ಯಾರೋ ಪುಣ್ಯಾತ್ಮ ಮಾಡಿರೋ ಕೆಲಸ. ಪ್ಲಗ್ಗು ಕಿತ್ತಿಟ್ಟಿದಾನೆ. ಇದಿದ್ದಿದ್ರೆ ದೀಪ ಎಷ್ಟೋ ದಿನದಿಂದ ಹತ್ತಿ ಬಾಯಿ ಬಡ್ಕೊಳ್ತಿತ್ತು. ಹೆಂಗಸರು ಓಡಿಸೋ ಗಾಡಿ. ಮನುಷ್ಯನಾ ಅವನು?”

ಹೆಂಡತಿ ಪ್ಲಗ್ಗನ್ನೇ ನೋಡಿದಳು. ಮುಖಕ್ಕೆ ಬಣ್ಣ ಮರಳಿತು. ಅದು ಸಿಟ್ಟಿನ ಬಣ್ಣ.

“ಆ ಟೀಚರ್ರು! ಎಷ್ಟು ನಯವಾಗಿ ನೋಟ್‌ಬುಕ್ ಕೊಟ್ರು. ಮೇಲೆಲ್ಲ ದುಂಡಕ್ಷರ, ಒಳಗೆ ಇಂಥ ಕೆಲಸ. ಇರಿ, ಈಗ್ಲೇ ಮಾತಾಡ್ತೀನಿ.” ಎಡಗೈಯಿಂದ ಬ್ಯಾಗಿನೊಳಗಿನ ಫೋನ್ ತೆಗೆದಳು. ನಂಬರು ಹುಡುಕುತ್ತಿದ್ದ ಹೆಬ್ಬೆರಳು ಅಷ್ಟರಲ್ಲೇ ನಿಂತಿತು. ತಲೆ ಎತ್ತಿದಳು.

“ರೀ, ನಿಮಗೆ ಹೇಗೆ ಗೊತ್ತಾಯ್ತು?”

“ನೆಲದ ಮೇಲೆ ಆಯಿಲ್ ಬಿದ್ದಿತ್ತು.”

“ಸರಿ. ದೀಪ ಹತ್ತಿದ್ರೆ ನಾನೇ ನಿಲ್ಲಿಸ್ತಿದ್ದೆ. ಹತ್ತಲ್ಲ ಅನ್ನೋದು ನಿಮಗೆ ಹೇಗೆ ಗೊತ್ತಾಯ್ತು? ಅಷ್ಟೊಂದು ಹೆದರಿ ಫೋನ್ ಮಾಡಿದ್ರಲ್ಲ.”

ತಪ್ಪನ್ನು ಟೀಚರ ಮೇಲೆ ಹಾಕಬಹುದಿತ್ತು. ಟೇಪಿನ ಮೇಲೆ ಯಾರ ಹೆಸರೂ ಇರಲಿಲ್ಲ. ಅವನು ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ. ಒಣಗಿದ್ದರೂ ಆ ನುಣುಪು ಹೋಗಿರಲಿಲ್ಲ.

“ಟೀಚರ್ರಲ್ಲ” ಎಂದ. “ಕಿತ್ತಿದ್ದು ನಾನು. ಮೂರು ವಾರದ ಹಿಂದೆ. ಸರಿಹೋಯ್ತು ಅಂದ್ನಲ್ಲ, ಅವತ್ತು.”

ಟೈರ್ ಅಂಗಡಿಯವನು ಪ್ಲಗ್ಗನ್ನು ಮೆಲ್ಲಗೆ ಕೆಳಗೆ ಬಿಟ್ಟು, ಇನ್ನೂ ಸಿಗದ ಟೈರುಗಳನ್ನು ಹುಡುಕಲು ಹೋದ. ತಾಯಿ ಲೋಟ ಕೆಳಗಿಟ್ಟಳು. ಮಗನ ಪರವಾಗಿ ಯಾವತ್ತೂ ಒಂದು ಮಾತು ಸಿದ್ಧವಾಗಿ ಇಟ್ಟುಕೊಂಡಿರುವವಳು ಈಗ ಎದ್ದು ಸೊಸೆಯ ಪಕ್ಕಕ್ಕೆ ಹೋಗಿ ನಿಂತಳು.

ಹೆಂಡತಿ ಬೈಯುತ್ತಾಳೆ ಎಂದು ಅವನು ಕಾದ. ಅವಳು ಬೈಯಲಿಲ್ಲ. ಅವನನ್ನು ಮೊದಲ ಸಲ ನೋಡುತ್ತಿರುವವಳಂತೆ ನೋಡಿದಳು.

“ಬೆಳಿಗ್ಗೆ ಒಂದು ಲಿಫ್ಟ್ ಸರಿ ಮಾಡಿ ಬಂದ್ರಲ್ಲ?” ಎಂದು ಕೇಳಿದಳು.

“ಹೂಂ.”

“ಅದಕ್ಕೆ ಜನ ಹತ್ತಿರ್ತಾರೆ ಈಗ.”

ಬೆಳಿಗ್ಗೆ ಮೂರನೆಯ ಮಹಡಿಯ ಬಾಗಿಲಿಗೆ ಒಂದು ತಂತಿ ಹಾಕಿದ್ದ. ತೆಗೆದಿದ್ದ. ಎಣಿಸಿದ್ದ. ಎಣಿಸಿದ್ದೆ ಎಂದೇ ಅವನ ನೆನಪು. ಆದರೆ ಅರ್ಧ ಗಂಟೆಯ ಹಿಂದಿನವರೆಗೆ ಕಾರೂ ಸರಿಹೋಗಿದೆ ಎಂದೇ ಅವನ ನೆನಪು ಹೇಳುತ್ತಿತ್ತು.

ಸ್ಕೂಟರಿನ ಸೀಟು ಎತ್ತಿ ಚೀಲ ತೆಗೆದ. ಜಿಪ್ ಎರಡು ಸಲ ಸಿಕ್ಕಿಕೊಂಡಿತು. ಕೆಂಪು ತಂತಿಗಳನ್ನು ಎಮ್ಮೆಯ ಡಿಕ್ಕಿಯ ಮೇಲೆ ಒಂದೊಂದಾಗಿ ಸಾಲಾಗಿ ಇಟ್ಟ.

“ಎಷ್ಟಿದೆ?” ಎಂದಳು ಹೆಂಡತಿ.

“ಐದು.”

“ಎಷ್ಟಿರ್ಬೇಕು?”

“ಐದೇ.”

ಅವಳ ಮುಷ್ಟಿ ಇನ್ನೂ ಬಿಗಿದೇ ಇತ್ತು. ಹತ್ತಿರ ಬಂದು ಅವನ ಭುಜದ ಪಕ್ಕ ನಿಂತಳು.

“ಇನ್ನೊಂದ್ಸಲ ಎಣಿಸಿ” ಎಂದಳು. “ಗಟ್ಟಿಯಾಗಿ. ನನಗೆ ಕೇಳೋ ಹಾಗೆ.”

ಅವನು ಮೊದಲ ತಂತಿಯ ಮೇಲೆ ಬೆರಳಿಟ್ಟ.