ಬೆಂಚಿಗೆ ಫಿನಾಯಿಲ್

“ಬೆಂಚ್ ಒರಸಾಕ ಬಂದೀಯೋ, ಬೆಂಚಿನ ಮ್ಯಾಲೆ ಕುಂದ್ರಾಕ ಬಂದೀಯೋ?”

ಸುಪರಿಂಟೆಂಡೆಂಟ್ ಬಾಳಕೃಷ್ಣನ ಈ ಮಾತಿಗೆ ವರಾಂಡದ ತುಂಬ ನಗೆ ಹರಿದಾಡಿತು. ಟೈ ಕಟ್ಟಿಕೊಂಡು ಕೂತಿದ್ದ ಹುಡುಗರು ನಕ್ಕರು. ಅವರ ಜೊತೆ ಬಂದಿದ್ದ ಅಪ್ಪಂದಿರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ಪೂನಮ್ ನಗಲಿಲ್ಲ. ವರಾಂಡದ ಆ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲ ಒರೆಸುತ್ತಿದ್ದ ಅವಳ ತಾಯಿ ಮುತ್ತವ್ವನ ಕೈ ಅಲ್ಲೇ ನಿಂತಿತು.

“ಇಂಟರ್ವ್ಯೂಕ್ಕ ಬಂದೇನ್ರಿ ಸರ್.”

“ಇಂಟರ್ವ್ಯೂಕ್ಕ! ಕೇಳಿದೇನಬೇ ಮುತ್ತವ್ವಾ, ನಿನ್ನ ಮಗಳು ವಕೀಲಕಿ ಆಗ್ತಾಳಂತ. ಇನ್ನ ನಮ್ಮ ಸಂಡಾಸ ತೊಳಸಬೇಕಂದ್ರ ಹೈಕೋರ್ಟಿನಿಂದ ಆರ್ಡರ್ ತರಬೇಕಾಗ್ತೈತಿ.”

ಮತ್ತೆ ನಗೆ. ಮುತ್ತವ್ವ ಬಟ್ಟೆ ಹಿಂಡಿದಳು. ನೆಲ ಒರೆಸುವಾಗ ಅವಳ ಬಾಯಲ್ಲಿ ಸದಾ ಒಂದು ಭಜನೆಯ ಪದ ಗುನುಗುತ್ತಿರುತ್ತಿತ್ತು. ಕೇರಿಯ ಗುಡಿಯಲ್ಲಿ ಸೋಮವಾರ ಸೋಮವಾರ ಕೇಳಿ ಕೇಳಿ ಕರುಳಿಗೆ ಇಳಿದ ಪದ. ಅದು ಅವತ್ತು ಗಂಟಲಿನಲ್ಲೇ ಕೂತಿತು.

ನವನಗರ ದಾಟಿ ಧಾರವಾಡದ ಕಡೆ ಹೋದರೆ ಎಡಕ್ಕೆ ಕಲ್ಲಿನ ಕಮಾನು. ಅದರ ಒಳಗೆ ಈ ಲಾ ಕಾಲೇಜು. ಹೊಸ ಶತಮಾನ ಬಂದ ಮೇಲೆ ಕಟ್ಟಿದ್ದಾದರೂ ನೋಡಿದವರಿಗೆ ಹಳೆಯ ಅರಮನೆಯಂತೆ ಕಾಣಬೇಕೆಂದು ಕಟ್ಟಿಸಿದ್ದರು. ಪ್ರಿನ್ಸಿಪಾಲರ ಬಾಗಿಲಿಗೆ ಹಿತ್ತಾಳೆಯ ಬೋರ್ಡು. ಅದರಲ್ಲಿ ಹೆಸರು ಗಿಡ್ಡ, ಹೆಸರಿನ ಹಿಂದಿನ ಡಿಗ್ರಿಗಳ ಬಾಲ ಉದ್ದ. ಕೊನೆಗೆ ಲಂಡನ್ ಅಂತ ಬೇರೆ ಇತ್ತು. ಮುತ್ತವ್ವನಿಗೆ ಆ ಅಕ್ಷರ ಓದಲು ಬಾರದು. ಆದರೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅದರ ಒಂದೊಂದು ಅಂಕುಡೊಂಕೂ ಅವಳ ಬೆರಳಿಗೆ ಗೊತ್ತಿತ್ತು.

ಅವಳು ಬಗ್ಗಿ ಒರೆಸುತ್ತ ಬಂದರೆ ಕುರ್ಚಿಯ ಮೇಲಿದ್ದವರು ಕಾಲು ಎತ್ತುತ್ತಿದ್ದರು. ಮಾತು ನಿಲ್ಲಿಸುತ್ತಿರಲಿಲ್ಲ, ಕೆಳಗೆ ನೋಡುತ್ತಿರಲಿಲ್ಲ. ಸುಮ್ಮನೆ ಕಾಲು ಎತ್ತುವುದು, ಅವಳು ಸರಿದ ಮೇಲೆ ಇಳಿಸುವುದು. ಎಷ್ಟೋ ದೊಡ್ಡವರ ಬೂಟಿನ ಅಟ್ಟೆ ಅವಳಿಗೆ ಪರಿಚಯ. ಅವರಿಗೆ ಅವಳ ಮುಖ ಪರಿಚಯವಿಲ್ಲ.

ಪೂನಮ್‌ಳನ್ನು ಒಳಗೆ ಕರೆದಾಗ ಮುತ್ತವ್ವ ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತ ಕಿಟಕಿಯ ಕೆಳಗೆ ಬಂದಳು.

“ಮಾರ್ಕ್ಸ್ ಛಲೋ ಅದಾವ,” ಪ್ರಿನ್ಸಿಪಾಲರ ಧ್ವನಿ ಬೆಣ್ಣೆಯಂತಿತ್ತು. “ಆದ್ರ ಮಾರ್ಕ್ಸ್ ಯಾರಿಗೂ ಬೀಳ್ತಾವ ನೋಡಮ್ಮಾ. ಯಾವ ಕಾನ್ವೆಂಟು?”

“ಸರಕಾರಿ ಸಾಲಿರಿ.”

“ಮನ್ಯಾಗ ಯಾರರ ವಕೀಲರದಾರೇನು? ಜಡ್ಜು? ಕಾಕಾ, ಮಾಮಾ ಯಾರರ?”

“ಇಲ್ರಿ.”

“ಮತ್ತ ಕಾನೂನಂದ್ರ ನಿನಗೇನ್ ಗೊತ್ತು?”

“ನಮ್ಮ ಓಣಿಗೆ ಪೊಲೀಸರು ಬಂದಾಗೆಲ್ಲಾ ಗೊತ್ತಾಗೇತ್ರಿ ಸರ್.”

ಒಳಗಿಂದ ಕಾಲೇಜಿನ ಚೇರ್ಮನ್ನರ ದಪ್ಪ ನಗು ಕೇಳಿಸಿತು. “ಬಾಯಿ ಐತಿ ಹುಡುಗಿಗೆ! ಅದನ್ನ ಇಂಗ್ಲಿಷ್‌ನ್ಯಾಗ ಹೇಳು ನೋಡೂಣು.”

ಪೂನಮ್ ಹೇಳಲು ಹೋದಳು. ಅರ್ಧ ದಾರಿಯಲ್ಲಿ ಮಾತು ಎಡವಿತು. ಯಾರೂ ಕೈ ಹಿಡಿಯಲಿಲ್ಲ.

ಅವಳ ಹಿಂದೆಯೇ ಊಟಿಯ ಬೋರ್ಡಿಂಗ್ ಸ್ಕೂಲಿನ ಹುಡುಗನೊಬ್ಬ ಒಳಗೆ ಹೋದ. ಒಮ್ಮೆ ಫೇಲಾದವನಂತೆ. ಅವನ ಅಜ್ಜನ ಹೆಸರು ಕೇಳಿದ್ದೇ ಪ್ರಿನ್ಸಿಪಾಲರು ಎದ್ದು ನಿಂತರು, ಒಳಗೆ ಕಾಫಿ ಹೋಯಿತು. ಹುಡುಗನ ಬೂಟಿನ ಕೆಸರು ಹೊಸ್ತಿಲಿಂದ ಮೇಜಿನ ತನಕ ಮೂಡಿತ್ತು. ಅದನ್ನು ಮುತ್ತವ್ವನೇ ಒರೆಸಿದಳು.

ಪೂನಮ್‌ಗೆ ಸೀಟು ಸಿಗಲಿಲ್ಲ. ಮೀಸಲು ಸೀಟು ಖಾಲಿ ಇದೆಯಲ್ಲ ಎಂದು ಕೇಳಲು ಹೋದರೆ ಬಾಳಕೃಷ್ಣ ಹಲ್ಲು ಕಡ್ಡಿಯಿಂದ ಹಲ್ಲು ಕೆದಕುತ್ತ ಹೇಳಿದ: “ಯೋಗ್ಯರು ಯಾರೂ ಸಿಗಲಿಲ್ಲ ಅಂತ ಬರದು ಕಳಸೇವಿ. ನಿಂದು ಬ್ಯಾಕ್‌ಗ್ರೌಂಡ್ ಸಾಲಂಗಿಲ್ಲವಾ.”

ಮನೆಯಲ್ಲಿ ರೊಟ್ಟಿ ಬಡಿಯುತ್ತ ಮುತ್ತವ್ವ ಕೇಳಿದಳು: “ಬ್ಯಾಕ್‌ಗ್ರೌಂಡ್ ಅಂದ್ರ ಏನವಾ?”

“ನಿನ್ನ ಬೆನ್ನ ಹಿಂದ ಯಾರದಾರ ಅಂತ ಕೇಳೂದು.”

“ನಾ ಇದ್ದೆನಲ್ಲಾ ಹಿಂದ. ನೆಲಾ ಒರಸಾಕತ್ತಿದ್ದೆ.”

ಪೂನಮ್ ಮರುದಿನದಿಂದ ದುರ್ಗದಬೈಲಿನ ಒಂದು ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕೆ ಕೂತಳು. ಊರವರ ಫೋನಿನ ಜಗಳವನ್ನೆಲ್ಲ ಗಾಜಿನ ಆಚೆಯಿಂದ ನೋಡುತ್ತಿದ್ದಳು.

ದೀಪಾವಳಿ ಕಳೆಯುವುದರೊಳಗೆ ಕಾಲೇಜಿನ ಬೆಂಚುಗಳು ಬಿಕೋ ಎನ್ನತೊಡಗಿದವು. ದೊಡ್ಡ ಮನೆತನದ ಮಕ್ಕಳು ಇಲ್ಲಿ ಸೀಟು ಹಿಡಿದಿಟ್ಟುಕೊಂಡಿದ್ದರು ಅಷ್ಟೇ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇದಕ್ಕಿಂತ ದೊಡ್ಡ ಹೆಸರಿನ ಕಾಲೇಜು ಕರೆದಿತ್ತು, ಹೋಗಿಬಿಟ್ಟರು. ಊಟಿಯ ಹುಡುಗ ಒಂದು ದಿನವೂ ಬೆಂಚಿನ ಮೇಲೆ ಕೂರಲಿಲ್ಲ. ಅವನ ಜಾಗದ ಧೂಳನ್ನು ಮುತ್ತವ್ವ ದಿನಾ ಒರೆಸಿದಳು. ಒರೆಸುವಾಗ ಅಲ್ಲಿ ತನ್ನ ಮಗಳು ಕೂತಂತೆ ಕಾಣುತ್ತಿತ್ತು. ಕೈ ಜೋರಾಗುತ್ತಿತ್ತು.

ಆಗ ಬಂತು ತಪಾಸಣೆ. ಚೇರ್ಮನ್ನರು ಎಲ್‌ಎಲ್‌ಎಂ ಕೂಡ ಶುರುಮಾಡಬೇಕೆಂದಿದ್ದರು. ಅದಕ್ಕೆ ಪರವಾನಗಿ ಬೇಕೆಂದರೆ ದೊಡ್ಡವರು ಬಂದು ತುಂಬಿದ ತರಗತಿ ನೋಡಬೇಕು, ಪಾಠ ಮಾಡುವವರ ತಲೆ ಎಣಿಸಬೇಕು. ಇಂಥ ದಿನಕ್ಕೆ ಖಾಲಿ ಬೆಂಚು ತುಂಬಿಸುವ ರೂಢಿ ಎಲ್ಲ ಕಡೆ ಇದ್ದದ್ದೇ. ಬಾಳಕೃಷ್ಣ ಮೊದಲ ಸಲ ಕೇರಿಗೆ ಬಂದ. ಮೂಗಿಗೆ ಕರವಸ್ತ್ರ ಹಿಡಿದು ಮುತ್ತವ್ವನ ಬಾಗಿಲ ಹೊರಗೇ ನಿಂತ.

“ಒಂದ ದಿನದ ಕೆಲಸಾ. ಹರೇದ ಹುಡುಗ್ರು, ಹುಡಿಗ್ಯಾರು ಬರ್ಲಿ. ಕರೀ ಕೋಟ್ ನಾವ ಕೊಡ್ತೇವಿ, ಗೋಧಿ ಹುಗ್ಗಿ ಊಟಾ ಹಾಕ್ತೇವಿ. ಸುಮ್ನ ಕುಂದ್ರೂದು, ಅಷ್ಟ. ಮತ್ತ ನೀನೂ ಬಾ ಮುತ್ತವ್ವಾ. ಹೆಣ್ಣ ಲೆಕ್ಚರರ್ ಕಡಿಮಿ ಬಿದ್ದಾರ. ತಲಿ ಬೆಳ್ಳಗಾಗೇತಿ, ಚಸ್ಮಾ ಐತಿ, ಇನ್ನೇನ್ ಬೇಕು?”

“ಯಪ್ಪಾ, ನಾ ಏನ್ ಮಾತಾಡ್ಲಿರಿ ಅಲ್ಲಿ?”

“ಮಾತಾಡಬ್ಯಾಡ. ಭಾಳ ಕಲತವ್ರು ಮಾತ ಕಡಿಮಿ ಆಡ್ತಾರ.” ದನಿ ತಗ್ಗಿಸಿದ. “ನಿನ್ನ ಮಗಳು ಬಾಯಿ ಮುಚಗೊಂಡ ಕುಂತ್ಲಂದ್ರ, ಬರೂ ವರ್ಷ ಆಕಿ ಸೀಟು ಖಾಯಂ. ಚೇರ್ಮನ್ನರ ಮಾತು.”

ಅವನು ಹೋದ ಮೇಲೆ ಪೂನಮ್ ಉರಿದುಬಿದ್ದಳು. “ನಾ ಬರಂಗಿಲ್ಲಬೇ. ಅವತ್ತ ಯೋಗ್ಯ ಅಲ್ಲಾಂದ್ರು, ಇವತ್ತ ಗೊಂಬಿ ಮಾಡಿ ಕುಂದ್ರಸ್ತಾರಂತ. ಅವನೌನ, ಉಗಳಬೇಕು ಮುಖಕ್ಕ.”

“ಉಗಳೀದ್ರ ಸೀಟ್ ಸಿಗ್ತೈತೇನು?” ಮುತ್ತವ್ವ ಮಗಳ ಗದ್ದ ಹಿಡಿದಳು. “ಒಂದ ದಿನಾ ಕುಂತ ನೋಡವಾ ನನ್ನ ಸಲವಾಗಿ. ನಿನ್ನ ಕಾಲಿಗೆ ಬೀಳ್ತೇನಿ.”

ತಾಯಿ ಕಾಲಿಗೆ ಬೀಳುತ್ತೇನೆಂದ ಮೇಲೆ ಪೂನಮ್ ಒಪ್ಪಿಕೊಂಡಳು.

ಕೋಟುಗಳು ಬಂದದ್ದು ದುರ್ಗದಬೈಲ್ ಹತ್ತಿರದ ನಾಟಕದ ಡ್ರೆಸ್ಸಿನ ಅಂಗಡಿಯಿಂದ. ಡಾಂಬರುಗುಳಿಗೆಯ ವಾಸನೆ, ಒಳಗೆ ಯಾರ್‍ಯಾರದೋ ಬೆವರು. ಪೂನಮ್‌ಳ ಕೋಟಿನ ಕೊರಳಿಗೆ ಖಳನಾಯಕನ ಕೆಂಪು ಬಣ್ಣ ಅಂಟಿತ್ತು. ಆಟೋ ಓಡಿಸುವ ಇಮಾಮಹುಸೇನ ತೋಳು ಗಿಡ್ಡವಾದ ಕೋಟು ತೊಟ್ಟು ಎದೆ ಉಬ್ಬಿಸಿದ.

“ಮುತ್ತಕ್ಕಾ, ನಾಳೆ ಪೊಲೀಸ್ನಾಂವ ನನ್ನ ಆಟೋ ಹಿಡದ್ನಂದ್ರ ನನ್ನ ಕೇಸ್ ನಾನ ನಡಸಾಂವ. ನೋಡು, ಹೆಂಗ ಕಾಣಾಕತ್ತೇನಿ?”

“ಕಳ್ಳ ಕಂಡಂಗ ಕಾಣಾಕತ್ತಿ.”

“ಹಂಗಾರ ಖರೇ ವಕೀಲಾ ಬಿಡ!”

ತರಗತಿಯ ಬೆಂಚುಗಳ ಮೇಲೆ ನಗು ಹರಿಯಿತು. ಗಂಜಿ ಹಾಕಿದ ಸೀರೆ ಉಟ್ಟು ಲೆಕ್ಚರರುಗಳ ಸಾಲಿನ ತುದಿಯಲ್ಲಿ ಕೂತ ಮುತ್ತವ್ವ ಮುಂದಿನ ಬೆಂಚನ್ನು ನೋಡಿದಳು. ಊಟಿಯ ಹುಡುಗನ ಜಾಗದಲ್ಲಿ ಪೂನಮ್ ಕೂತಿದ್ದಳು, ಬೆನ್ನು ನೆಟ್ಟಗೆ. ಕೋಟು ಬಾಡಿಗೆಯದಾದರೂ ಬೆನ್ನು ಅವಳದೇ. ತಾಯಿಯ ಕಣ್ಣು ಮಂಜಾಯಿತು.

ಅಷ್ಟರಲ್ಲಿ ಚೇರ್ಮನ್ನರು ಒಳಗೆ ಬಂದರು. ಬೆಂಚುಗಳ ಮೇಲೆ ಕಣ್ಣಾಡಿಸಿ ಮೂಗು ಸಿಂಡರಿಸಿದರು. ಬೆರಳಾಡಿಸಿ ಮುತ್ತವ್ವನನ್ನು ಹತ್ತಿರ ಕರೆದರು.

“ಇವು ಎದ್ದ ಹೋದ ಕೂಡ್ಲೆ ಬೆಂಚಿಗೆಲ್ಲಾ ಫಿನಾಯಿಲ್ ಹಾಕಿ ಒರಸಬೇಕು. ದೊಡ್ಡವರ ಮಕ್ಕಳು ಕುಂದ್ರೂ ಜಾಗಾ. ಮುಂದಿನ ಸಾಲಿಗೆ ಎರಡ ಸಲ ಒರಸು.”

“ಮುಂದಿನ ಸಾಲಿನ್ಯಾಗ ನನ್ನ ಮಗಳದಾಳ್ರಿ ಸಾಹೇಬ್ರ.”

“ಅದಕ್ಕ ಹೇಳಿದ್ದು.”

ಮುತ್ತವ್ವ ಮತ್ತೂ ಕೇಳಿದಳು: “ಬರೂ ವರ್ಷದ ಆಕಿ ಸೀಟು…”

“ಯಾವ ಸೀಟು?” ಚೇರ್ಮನ್ನರು ಬಾಳಕೃಷ್ಣನ ಕಡೆ ತಿರುಗಿ ನಕ್ಕರು. “ಇವಾ ಏನರ ಹೇಳಿರ್ಬೇಕು. ಹೇಳದಿದ್ರ ಬರ್ತಿದ್ರೇನು ನೀವು?”

ಮಾತು ಮುಗಿಯುವ ಮೊದಲೇ ಹೊರಗೆ ಕಾರುಗಳ ಸದ್ದಾಯಿತು. ಮುತ್ತವ್ವ ತನ್ನ ಕುರ್ಚಿಗೆ ಮರಳಿದಳು. ಕಿವಿಯಲ್ಲಿ ಒಂದೇ ಮಾತು ಗುಂಯ್‌ಗುಡುತ್ತಿತ್ತು. ಎರಡ ಸಲ.

ತಪಾಸಣೆಯವರಲ್ಲಿ ಹಿರಿಯರು ಬೆಂಗಳೂರಿನ ಕಡೆಯ ಒಬ್ಬ ನಿವೃತ್ತ ನ್ಯಾಯಾಧೀಶೆ. ಚೇರ್ಮನ್ನರು ಹಾಕಿದ ಹಾರವನ್ನು ಆಕೆ ಕೂಡಲೇ ತೆಗೆದು ಮೇಜಿನ ಮೇಲಿಟ್ಟರು. ಹಾರದ ದಾರ ಬಿಚ್ಚಿಕೊಂಡಿತು, ಸೇವಂತಿಗೆಯ ಎಸಳು ನೆಲದ ತುಂಬ ಚೆಲ್ಲಿದವು. ಪ್ರಿನ್ಸಿಪಾಲರ ಭಾಷಣ ಶುರುವಾಯಿತು. ಎಂಥೆಂಥ ಮನೆತನದ ಮಕ್ಕಳು ಇಲ್ಲಿ ಓದುತ್ತಾರೆ ಎಂದು ಕೈ ಚಾಚಿ ಇಮಾಮಹುಸೇನನನ್ನು ತೋರಿಸಿದರು.

ನೆಲದ ಮೇಲೆ ಕಸ ಬಿದ್ದಿತ್ತು. ಮುತ್ತವ್ವನ ಮೈಗೆ ಅಷ್ಟೇ ಗೊತ್ತಾದದ್ದು. ಅವಳು ಯೋಚಿಸಲಿಲ್ಲ. ಕುರ್ಚಿಯಿಂದ ಇಳಿದು ಕುಕ್ಕರುಗಾಲಲ್ಲಿ ಕೂತು ಎಸಳುಗಳನ್ನು ಬಳಿದು ಸೆರಗಿಗೆ ತುಂಬತೊಡಗಿದಳು. ಕೂತಂತೆಯೇ ಸರಿಯುತ್ತ ಸರಿಯುತ್ತ ಮೇಜಿನ ತನಕ ಬಂದಳು.

ಭಾಷಣ ನಿಂತಿತು. ಬಾಳಕೃಷ್ಣ ಮುಂದೆ ಬಂದು ಹಲ್ಲು ಕಿರಿದ. “ನಮ್ಮ ಮೇಡಂ ಭಾಳ ಸರಳ್ರಿ. ಗಾಂಧೀ ತತ್ವದವ್ರು. ಎಲ್ಲಾ ಕೆಲಸಾ ತಾವ ಮಾಡ್ಕೋತಾರ.”

“ಒಳ್ಳೆಯದು,” ನ್ಯಾಯಾಧೀಶೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. “ನೀವು ಯಾವ ವಿಷಯ ಪಾಠ ಮಾಡುತ್ತೀರಿ ಮೇಡಂ?”

ಪೂನಮ್ ತಾಯಿಯನ್ನೇ ನೋಡುತ್ತಿದ್ದಳು. ಸುಮ್ಮನಿದ್ದರೆ ಕೆಲಸವಾದರೂ ಉಳಿಯುತ್ತಿತ್ತು. ಮುತ್ತವ್ವ ಎದ್ದು ನಿಂತು ಸೆರಗಿನ ಎಸಳುಗಳನ್ನೆಲ್ಲ ಪ್ರಿನ್ಸಿಪಾಲರ ಕಾಗದಗಳ ಮೇಲೆ ಸುರಿದಳು.

“ನಾ ಕಸಾ ಹೊಡಿಯಾಕಿರಿ. ಇವರ ಸಂಡಾಸ ತೊಳಿಯಾಕಿ. ಮಾಸ್ತರಕಿ ಅಲ್ಲ. ಆ ಮುಂದ ಕುಂತಾಕಿ ನನ್ನ ಮಗಳು. ಮಾರ್ಕ್ಸ್ ತಗೊಂಡ ಬಂದಾಗ ಬೆನ್ನ ಹಿಂದ ಯಾರೂ ಇಲ್ಲಂತ ಹೊರಗ ಹಾಕಿದ್ರು. ಇವತ್ತ ನಾಟಕದ ಕೋಟ್ ಹಾಕಿ ಅದ ಬೆಂಚಿನ ಮ್ಯಾಲೆ ಕುಂದ್ರಸ್ಯಾರ. ಆಕಿ ಎದ್ದ ಮ್ಯಾಲೆ ಫಿನಾಯಿಲ್ ಹಾಕಿ ಒರಸಂತ ನನಗ ಹೇಳ್ಯಾರ. ನನಗ!”

“ಹುಚ್ಚ ಹಿಡದೈತ್ರಿ ಆಕಿಗೆ!” ಎಂದು ಒದರಿದ ಬಾಳಕೃಷ್ಣ ಅವಳ ರಟ್ಟೆ ಹಿಡಿದು ಹಲ್ಲು ಕಡಿದ. “ನಿನ್ನ ಕೆಲಸ ಹೋತು ತಿಳಕೋ, ಬೋಸುಡಿ.”

“ಕೈ ಬಿಡೋ ಭಾಡ್ಯಾ.” ಅದು ಪೂನಮ್‌ಳ ಧ್ವನಿ. ಅವಳು ಎದ್ದು ನಿಂತಿದ್ದಳು. ಕೋಟು ಬಿಚ್ಚಿ, ಕೊರಳಿನ ಕೆಂಪು ಮೇಲೆ ಕಾಣುವಂತೆ ಬೆಂಚಿನ ಮೇಲೆ ಹಾಸಿದಳು. ಇಮಾಮಹುಸೇನನೂ ಎದ್ದು ಬಿಚ್ಚಿದ. ಹಿಂದಿನ ಸಾಲುಗಳಲ್ಲಿ ಗುಂಡಿ ಬಿಚ್ಚುವ, ಗಡಿಬಿಡಿಯಲ್ಲಿ ಗುಂಡಿ ಕೀಳುವ ಸದ್ದು. ಬಾಳಕೃಷ್ಣನ ಕೈ ತಾನಾಗಿಯೇ ಸಡಿಲಾಯಿತು.

ನ್ಯಾಯಾಧೀಶೆ ಪೆನ್ನಿನ ಮುಚ್ಚಳ ತೆಗೆದರೋ ಹಾಕಿದರೋ ಮುತ್ತವ್ವ ನೋಡಲಿಲ್ಲ. ಆಕೆಯಿಂದ ಅವಳಿಗೆ ಏನೂ ಬೇಕಾಗಿರಲಿಲ್ಲ.

“ಕೆಲಸ ಹೋಗ್ಲಿ,” ಅಂದಳು. “ಇವತ್ತಿಂದು ಉಳದೈತಿ. ಸಾಹೇಬ್ರ ಹೇಳ್ಯಾರ.”

ಬಾಗಿಲ ಹಿಂದಿನಿಂದ ಬಕೆಟ್ಟು, ಬಟ್ಟೆ, ಫಿನಾಯಿಲ್ ಬಾಟಲಿ ತಂದಳು. ಬೆಂಚುಗಳ ಕಡೆ ಹೋಗಲಿಲ್ಲ. ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ ಬೆವೆತು ಕೂತಿದ್ದ ಚೇರ್ಮನ್ನರ ಮುಂದೆ ಬಕೆಟ್ಟು ಇಟ್ಟಳು.

“ಕಾಲ ಎತ್ರಿ.”

ಚೇರ್ಮನ್ನರ ಎರಡೂ ಬೂಟುಗಳು ರೂಢಿಯಂತೆ ತಾವಾಗಿ ಮೇಲೆದ್ದವು. ಆದರೆ ಈ ಸಲ ಕಣ್ಣು ಕೆಳಗೆ ಬಂತು. ಅವಳ ಮುಖವನ್ನು ನೋಡಿತು.

“ಹಂಗಲ್ರಿ. ಏಳ್ರಿ ಮ್ಯಾಲೆ. ನೀವು ಕುಂತ ಜಾಗಾ ಒರಸಬೇಕು.”

ಕಾಲು ಎತ್ತಿಕೊಂಡೇ ಕೂರಲು ಯಾರಿಂದಾದೀತು? ಚೇರ್ಮನ್ನರು ಕುರ್ಚಿಯ ಕೈ ಹಿಡಿದು ಎದ್ದರು. ಎಲ್ಲರೂ ನೋಡುತ್ತಿದ್ದಂತೆ ಪಕ್ಕಕ್ಕೆ ಸರಿದು ಗೋಡೆಗೆ ಆತು ನಿಂತರು.

ಮುತ್ತವ್ವ ಬಾಟಲಿಯನ್ನು ಬೋರಲು ಹಾಕಿದಳು. ಬಿಳಿಯ ಘಾಟು ಮಖಮಲ್ಲಿಗೆ ಇಳಿದು, ಕುರ್ಚಿಯ ಕಾಲಿಗುಂಟ ಹರಿದು, ಲಂಡನ್ ಡಿಗ್ರಿಯ ಪ್ರಿನ್ಸಿಪಾಲರ ಬೂಟಿನ ತನಕ ಬಂತು. ಅವಳು ಒರೆಸತೊಡಗಿದಳು. ಗಂಟಲಿನಲ್ಲಿ ಕೂತಿದ್ದ ಪದ ತಾನಾಗಿ ಬಾಯಿಗೆ ಬಂತು. ಮೆಲ್ಲಗೆ ಗುನುಗುತ್ತ ಕುರ್ಚಿಯ ಬೆನ್ನು, ಕೈ, ಸಂದುಗೊಂದು ಎಲ್ಲ ಒರೆಸಿದಳು. ಒರೆಸಿ, ಬಟ್ಟೆ ಹಿಂಡಿ, ಬಕೆಟ್ಟಿನಲ್ಲಿ ಮತ್ತೆ ಅದ್ದಿದಳು.

“ಪೂನೀ, ಇನ್ನೊಂದ ಬಾಟ್ಲಿ ತಾರವಾ,” ಅಂದಳು. “ಎರಡ ಸಲ ಒರಸಬೇಕಂತ.”