ಹಿಂದಿನಿಂದ ನೋಡುವವನು

“ಕೊನೇ ಸಾಲೇ ಬೇಕಾ?” ಎಂದು ಟಿಕೆಟ್ ಕೊಡುವ ಹೆಂಗಸು ಎರಡನೆಯ ಸಲ ಕೇಳಿದಾಗ ಅವನಿಗೆ ರೇಗಿತು.

“ಒಂದು ಸಲ ಹೇಳಿದೆನಲ್ಲಮ್ಮ.”

“ಅಲ್ಲ ಸರ್, ಈ ಸಿನಿಮಾಕ್ಕೆ ಕೊನೇ ಸಾಲು ಯಾರೂ ಕೇಳಲ್ಲ. ಅಲ್ಲಿ ಒಬ್ಬರೂ ಇಲ್ಲ. ನಡುವೆ ಒಂದು ಒಳ್ಳೇ ಸೀಟಿದೆ, ಕೊಡ್ಲಾ?”

“ಯಾರೂ ಇಲ್ದಿದ್ರೆ ಇನ್ನೂ ಒಳ್ಳೇದು.”

ನಿಮ್ಮ ಹಣೆಬರಹ ಎಂಬಂತೆ ಅವಳು ಟಿಕೆಟನ್ನು ಮುಂದೆ ತಳ್ಳಿದಳು.

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟ ಉಪನ್ಯಾಸಕ ಅವನು. ಆದರೆ ಹುಡುಗರು ಅವನನ್ನು ನೆನಪಿಟ್ಟುಕೊಂಡದ್ದು ಪಾಠಕ್ಕಲ್ಲ, ಪರೀಕ್ಷೆಯ ಮೇಲ್ವಿಚಾರಣೆಗೆ. ಬೇರೆಯವರೆಲ್ಲ ಕೊಠಡಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರೆ ಅವನು ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಮುಂದೆ ಕುಳಿತವನಿಗೆ ಮುಖ ಕಾಣುತ್ತದೆ, ಮುಖ ಸುಳ್ಳು ಹೇಳುತ್ತದೆ. ಬೆನ್ನಿಗೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುತ್ತಿದ್ದ. ಯಾವ ಹುಡುಗನನ್ನಾದರೂ ಕತ್ತಿನ ಹಿಂಭಾಗ ನೋಡಿಯೇ ಗುರುತಿಸಬಲ್ಲೆ ಎಂದು ಅಧ್ಯಾಪಕರ ಕೋಣೆಯಲ್ಲಿ ಕೊಚ್ಚಿಕೊಂಡದ್ದೂ ಉಂಟು.

ಚಿತ್ರಮಂದಿರದ ಮೊಗಸಾಲೆಯಲ್ಲಿ ಕಪ್ಪು ಅಂಗಿಗಳು ತುಂಬಿದ್ದವು. ಇಪ್ಪತ್ತರವರೂ ಇದ್ದರು, ಎಪ್ಪತ್ತರವರೂ ಇದ್ದರು. ಎಲ್ಲರ ಎದೆಯ ಮೇಲೂ ಅದೇ ನಾಲ್ವರು ಮುದುಕರ ಚಿತ್ರ, ಇವತ್ತಿನ ಸಿನಿಮಾದ ಹಾಡಿನ ತಂಡ. ಇಸ್ತ್ರಿ ಮಾಡಿದ ಬಿಳಿ ತುಂಬುತೋಳಿನ ಅಂಗಿ ತೊಟ್ಟವನು ಅವನೊಬ್ಬನೇ. ಬೆಳಿಗ್ಗೆ ಹೆಂಡತಿ ಅದನ್ನು ತೆಗೆದಿಟ್ಟಾಗ ಬೇಡವೆನ್ನಲು ಬಾಯಿ ಬಂದಿರಲಿಲ್ಲ.

“ನೀವು ಯಾವ ವರ್ಷದಿಂದ ಸರ್?”

ಕೇಳಿದವನ ಹಣೆ ನೆತ್ತಿಯವರೆಗೂ ಬೋಳಾಗಿತ್ತು. ಉಳಿದ ನರೆಗೂದಲನ್ನು ಹಿಂದೆ ಎಳೆದು ರಬ್ಬರ್ ಹಾಕಿ ಕಟ್ಟಿದ್ದ. ಕೆಲಸ ಬಸ್ ಚಾಲಕನದಂತೆ. ಇವತ್ತು ರಜಾ ಹಾಕಿ ಮಗಳನ್ನು ಕರೆದುಕೊಂಡು ಬಂದಿದ್ದನಂತೆ. ಕೇಳದೆಯೇ ಹೇಳಿದ.

“ಯಾವ ವರ್ಷದಿಂದ ಅಂದ್ರೆ?”

“ನಮ್ಮ ಮುದುಕರನ್ನ ಯಾವ ವರ್ಷದಿಂದ ಕೇಳ್ತಿದೀರಿ ಅಂತ. ನಾನು ಹದಿನಾರನೇ ವಯಸ್ಸಿಂದ.”

“ನಾನು... ಈ ವರ್ಷದಿಂದ.”

ಚಾಲಕ ನಗಲಿಲ್ಲ. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ತಡವಾದ್ರೂ ಬಂದ್ರಲ್ಲ, ಬಿಡಿ” ಎಂದ. ಆ ಕನಿಕರ ಅವನಿಗೆ ಸಹ್ಯವಾಗಲಿಲ್ಲ. ಕೈ ಬಿಡಿಸಿಕೊಂಡು ಕರವಸ್ತ್ರದಿಂದ ಒರೆಸಿಕೊಂಡ.

ಮಗ ಸತ್ತು ಹನ್ನೊಂದು ತಿಂಗಳಾಗಿತ್ತು. ಮೂರು ದಿನದ ಜ್ವರ. ಗೋಡೆಗೆ ಹಾಕಲು ಫೋಟೋ ಹುಡುಕಿದಾಗ ಸಿಕ್ಕಿದ್ದು ಪರೀಕ್ಷೆಯ ಪ್ರವೇಶಪತ್ರದ್ದು ಮಾತ್ರ. ಅದನ್ನೇ ದೊಡ್ಡದು ಮಾಡಿಸಿದರು. ಪ್ರವೇಶಪತ್ರದ ಫೋಟೋದಲ್ಲಿ ಯಾರೂ ನಗುವಂತಿಲ್ಲ, ಅದು ನಿಯಮ. ಆ ನಿಯಮವನ್ನು ಅವನೇ ಎಷ್ಟೋ ಸಲ ಫಲಕದ ಮೇಲೆ ಬರೆದು ಹಾಕಿದ್ದ.

ಹಾಗೆಂದು ಮಗ ನಗುತ್ತಿರಲಿಲ್ಲವೆಂದಲ್ಲ. ಸಂಜೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಾಗ ಒಳಕೋಣೆಯಿಂದ ನಗು ಕೇಳುತ್ತಿತ್ತು. ಅವನು ಒಳಗೆ ಕಾಲಿಟ್ಟೊಡನೆ ನಿಲ್ಲುತ್ತಿತ್ತು. ಮೊದಲು ಮಗನದು, ಆಮೇಲೆ ಅವನ ಗೆಳೆಯನದು, ಕೊನೆಗೆ ಅಡುಗೆಮನೆಯಲ್ಲಿ ತಾಯಿಯದು. ಅದನ್ನು ಅವನು ಮರ್ಯಾದೆ ಎಂದುಕೊಂಡಿದ್ದ.

ಆ ಗೆಳೆಯನಿಗೆ ಮನೆಯಲ್ಲಿ ಗುಂಗುರು ಎಂದೇ ಹೆಸರು, ಕೂದಲಿನಿಂದಾಗಿ. ಫೋನ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹೋದ ಭಾನುವಾರ ಬಂದವನು ಕುರ್ಚಿಯ ಅಂಚಿನಲ್ಲಿ ಕುಳಿತು, “ಸರ್, ಮುದುಕರ ಹಾಡಿನ ಕಚೇರಿ ಸಿನಿಮಾ ಆಗಿ ಬಂದಿದೆ. ಎರಡು ವರ್ಷದ ಹಿಂದಿಂದು. ಅವನು ಅದರಲ್ಲಿದ್ದಾನೆ” ಎಂದ.

ಎರಡು ವರ್ಷದ ಹಿಂದೆ, ಆ ಕಚೇರಿಯ ದಿನ, ಮಗ ಕೆಲಸದ ಸಂದರ್ಶನಕ್ಕೆಂದು ಪಕ್ಕದ ಊರಿಗೆ ಹೋಗಿದ್ದ. ಮರುದಿನ ಬಂದಾಗ ಗಂಟಲು ಒಡೆದುಹೋಗಿತ್ತು. ‘ಸಂದರ್ಶನದಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು’ ಎಂದು ಅವನು ಬುದ್ಧಿ ಹೇಳಿದ್ದ. ಮಗ ತಲೆಯಾಡಿಸಿದ್ದ.

ಕೈಯ ನೀರನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೆಂಡತಿ ಬಾಗಿಲಿಗೆ ಬಂದಿದ್ದಳು. “ನಗ್ತಿದ್ದಾನೇನಪ್ಪ?”

“ಹೂಂ ಆಂಟಿ. ಬಾಯ್ತುಂಬ. ಮೂರನೇ ಸಾಲಲ್ಲಿ, ಬೇಲಿ ಹತ್ರ. ಕೊನೇ ಹಾಡಲ್ಲಿ.”

ಅವಳು ಇವತ್ತು ಬರಲಿಲ್ಲ. ದೇವರ ಮುಂದೆ ಕುಳಿತವಳು ಹಾಗೆಯೇ ತಿರುಗದೆ ಹೇಳಿದಳು: “ನೀವು ನೋಡ್ಕೊಂಡು ಬನ್ನಿ. ನಗ್ತಿದ್ನಾ ಇಲ್ವಾ ಅಷ್ಟು ಹೇಳಿದ್ರೆ ಸಾಕು. ನನ್ನ ಸಮಾಧಾನಕ್ಕೆ ಅಂತ ಸುಳ್ಳು ಮಾತ್ರ ಹೇಳ್ಬೇಡಿ.”

ದೇವರನ್ನು ಅವನು ಎಂದೂ ದೊಡ್ಡದೇನನ್ನೂ ಕೇಳಿದವನಲ್ಲ. ಇವತ್ತು ಮೆಟ್ಟಿಲಿಳಿಯುವಾಗ ಕೇಳಿದ. ಆ ನಗು ನಾಲ್ಕು ಕ್ಷಣ ಕಂಡರೆ ಸಾಕು ಎಂದ.

ಸಿನಿಮಾ ಶುರುವಾಯಿತು. ಕೊನೆಯ ಸಾಲಿನಲ್ಲಿ ಅವನೊಬ್ಬನೇ. ಮುಂದಿನ ಸಾಲಿನಲ್ಲೇ ಚಾಲಕ ಮತ್ತು ಮಗಳು.

ಪರದೆಯ ಮೇಲೆ ನಾಲ್ವರು ಮುದುಕರು ನಿಧಾನವಾಗಿ ನಡೆದು ಬಂದರು. ಗಿಟಾರಿನವನ ಮೊಣಕಾಲಿಗೆ ಪಟ್ಟಿ. ಡ್ರಮ್ಮಿನವನನ್ನು ಇಬ್ಬರು ಹಿಡಿದು ಕೂರಿಸಿದರು. ಮೊದಲ ಪೆಟ್ಟು ಬಿದ್ದದ್ದೇ ತಡ, ಸಭೆ ಕುರ್ಚಿಯ ಕೈಗಳ ಮೇಲೆ ಬಡಿಯತೊಡಗಿತು. ಯಾರೋ ಗಟ್ಟಿಯಾಗಿ ಅತ್ತರು. ಯಾರೋ ಹಾಡುಗಾರನನ್ನು ಅಣ್ಣಾ ಎಂದು ಕೂಗಿ, ಉತ್ತರ ಬಂದವರಂತೆ ಸುಮ್ಮನಾದರು.

ಅವನು ಎಲ್ಲವನ್ನೂ ಹಿಂದಿನಿಂದ ನೋಡಿದ. ಹಾಡುಗಳಲ್ಲಿ ಅವನಿಗೆ ಕೇಳಿದ್ದು ಸದ್ದು. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೈಗಡಿಯಾರವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ, ಮತ್ತೆ ತೆಗೆದು ಕಟ್ಟಿಕೊಂಡ. ಕ್ಯಾಮೆರಾ ಜನರ ಕಡೆ ಹೊರಳಿದಾಗಲೆಲ್ಲ ಕುರ್ಚಿಯ ತುದಿಗೆ ಸರಿದ. ಸಾವಿರ ಬಾಯಿಗಳು ಕಂಡವು. ಬೇಕಾದ ಬಾಯಿ ಇರಲಿಲ್ಲ. ಕೊನೆಯ ಹಾಡು, ಕೊನೆಯ ಹಾಡು ಎಂದು ತನಗೆ ತಾನೇ ಹೇಳಿಕೊಂಡ.

ಮಧ್ಯಂತರದಲ್ಲಿ ಚಾಲಕ ಮಗಳೊಂದಿಗೆ ಜಗಳಕ್ಕೆ ನಿಂತಿದ್ದ.

“ಆ ಎತ್ತರದ ಸ್ವರ ಅವರದಲ್ಲ ಅಪ್ಪ, ಆಮೇಲೆ ಸೇರಿಸಿದಾರೆ. ಬಾಯಿ ಮುಚ್ಚಿದ ಮೇಲೂ ಬರ್ತಿತ್ತು.”

“ನಿನ್ನ ಕಿವಿಗೆ ಹತ್ತಿ ಇಡ್ಬೇಕು ನೋಡು. ಅದು ಅವರದೇ ಗಂಟಲು.”

“ಎಪ್ಪತ್ತೆರಡು ವರ್ಷ ಅಪ್ಪ ಅವರಿಗೆ!”

“ನನಗೂ ಆಗತ್ತೆ. ಆಗ ನನ್ನ ದನೀನೂ ಬೇರೆಯವರದು ಅಂತೀಯಾ?”

ಗುಂಗುರು ನಾಲ್ಕನೆಯ ಸಾಲಿನಿಂದ ಎದ್ದು ಬಂದ. ಕೈಯಲ್ಲಿ ಕಾಗದದ ಲೋಟ. ಉಪನ್ಯಾಸಕನನ್ನು ಕಂಡು ಅದನ್ನು ಬೆನ್ನ ಹಿಂದೆ ಹಿಡಿದುಕೊಂಡ, ಹಳೆಯ ಅಭ್ಯಾಸ.

“ಕೊನೇ ಹಾಡಲ್ಲಿ ತಾನೇ?”

“ಹೂಂ ಸರ್.”

“ಹಾಡು ಶುರುವಾಗುವಾಗಲೋ, ಮಧ್ಯದಲ್ಲೋ?”

“ಅದು... ಹಾಡಲ್ಲಿ ಸರ್. ಆ ದಿನ ಕ್ಯಾಮೆರಾದವನು ಸೀದಾ ನಮ್ಮ ಕಡೇನೇ ಹಿಡಿದಿದ್ದ.”

“ನೀನು ಸಿನಿಮಾ ಎಷ್ಟು ಸಲ ನೋಡಿದೆ?”

“ಇದು ನಾಲ್ಕನೇದು.”

“ಮೂರು ಸಲವೂ ನಗ್ತಿದ್ದನೋ?”

ಗುಂಗುರು ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ. “ನೀವು ಎಲ್ಲಿ ಕೂತಿದೀರಿ ಸರ್?”

“ಹಿಂದೆ. ಕೊನೇ ಸಾಲು.”

ಹುಡುಗನ ಮುಖ ಇಳಿಯಿತು. “ಯಾಕೆ ಸರ್? ಮುಂದೆ ಬನ್ನಿ, ನಮ್ಮ ಜೊತೆ.” ಆಮೇಲೆ ತಾನೇ, “ಮುಂದೆ ಬಂದ್ರೂನೂ... ಹೋಗ್ಲಿ ಬಿಡಿ” ಎಂದು ಹೊರಟುಹೋದ. ಅವನ ಬೆನ್ನನ್ನು ಉಪನ್ಯಾಸಕ ಬಹಳ ಹೊತ್ತು ನೋಡಿದ. ನಕಲು ಚೀಟಿಯನ್ನು ಅಂಗಿಯೊಳಗೆ ಇಟ್ಟುಕೊಂಡವನ ಬೆನ್ನು ಅದು.

ಕೊನೆಯ ಹಾಡಿಗೆ ಮೊದಲು ಹಾಡುಗಾರ ಕನ್ನಡಕ ತೆಗೆದು ಕುರ್ಚಿಯ ಮೇಲಿಟ್ಟ. ಒಂದೇ ತಂತಿ ಮಿಡಿಯಿತು. ಉಪನ್ಯಾಸಕ ಮುಂದಕ್ಕೆ ಬಾಗಿದ.

ಸಭೆಯೆಲ್ಲ ಎದ್ದು ನಿಂತಿತು. ಎದ್ದು, ಪರದೆಗೆ ಬೆನ್ನು ಹಾಕಿ ತಿರುಗಿತು.

ಮುನ್ನೂರು ಮುಖಗಳು ಅವನ ಕಡೆಗೆ. ಎಲ್ಲವೂ ಹಾಡುತ್ತಿದ್ದವು.

“ಏಳಿ ಸರ್, ತಿರುಗಿ!” ಚಾಲಕ ಅವನ ಮುಖದ ಮೇಲೆಯೇ ಕೂಗಿದ. “ಈ ಹಾಡು ನೋಡೋದಲ್ಲ!”

“ನನಗೆ ನೋಡ್ಬೇಕು. ಸ್ವಲ್ಪ ಪಕ್ಕಕ್ಕೆ ಸರೀರಿ.”

“ನಲವತ್ತು ವರ್ಷದ ಪದ್ಧತಿ ಸರ್! ಒಂದು ಸಲ ಕಚೇರೀಲಿ ದೀಪ ಹೋದಾಗ ಹಾಡೋರೇ ಹೇಳಿದ್ದು, ನನ್ನನ್ನೇನು ನೋಡ್ತೀರಿ, ನಿಮ್ಮ ಹಿಂದಿರೋರ ಮುಖ ನೋಡಿ ಅಂತ. ಅವತ್ತಿಂದ ಈ ಹಾಡಿಗೆ ಯಾರೂ ಮುಂದೆ ನೋಡಿಲ್ಲ. ಅಲ್ಲಿ ಕಚೇರೀಲೂ ಹೀಗೇ, ಇಲ್ಲೂ ಹೀಗೇ.”

“ಯಾರೂ?”

“ಒಬ್ಬನೂ ಇಲ್ಲ. ನೋಡಿದೋನು ನಮ್ಮೋನೇ ಅಲ್ಲ!”

ಮೂವತ್ತೊಂದು ವರ್ಷದ ಅಭ್ಯಾಸ ಸುಮ್ಮನಿರಲಿಲ್ಲ. ಈ ಹಾಡಿಗೆ ಎಲ್ಲ ಅಭಿಮಾನಿಗಳೂ ತಿರುಗುತ್ತಾರೆ. ಗುಂಗುರು ಅಭಿಮಾನಿ. ಆದ್ದರಿಂದ ಗುಂಗುರು ಮೂರು ಸಲವೂ ಪರದೆಯನ್ನು ನೋಡಿಲ್ಲ. ತಲೆಗಳ ನಡುವೆ ಅವನನ್ನು ಹುಡುಕಿದ. ನಾಲ್ಕನೆಯ ಸಾಲಿನಲ್ಲಿ ಗುಂಗುರು ಕಣ್ಣು ಬಿಗಿಯಾಗಿ ಮುಚ್ಚಿ ಹಾಡುತ್ತಿದ್ದ.

ಇನ್ನೊಂದು ಸಂಗತಿಯೂ ಹೊಳೆಯಿತು. ಎಲ್ಲರೂ ಒಟ್ಟಿಗೆ ತಿರುಗಿದರೆ ಯಾರಿಗೂ ಯಾರ ಮುಖವೂ ಕಾಣುವುದಿಲ್ಲ. ಕಾಣುವುದು ಹಿಂದಿನವನ ಬೆನ್ನು. ನಲವತ್ತು ವರ್ಷದಿಂದ ಇವರು ಒಬ್ಬರ ಬೆನ್ನಿಗೆ ಒಬ್ಬರು ಹಾಡುತ್ತಿದ್ದಾರೆ. ಮೂರನೆಯ ಸಾಲಿನಲ್ಲಿ, ಬೇಲಿಯ ಹತ್ತಿರ, ಮಗನ ಪಕ್ಕದಲ್ಲೇ ನಿಂತಿದ್ದ ಗುಂಗುರುವೂ ಆ ದಿನ ಯಾವುದೋ ಬೆನ್ನನ್ನೇ ನೋಡಿದ್ದಾನೆ.

ಮತ್ತೆ ಮಗ. ಅವನೂ ಅಭಿಮಾನಿ. ಆದ್ದರಿಂದ—

ಅದನ್ನು ಅವನು ಮುಗಿಸಲಿಲ್ಲ. ಕುರ್ಚಿಯ ಮೇಲೆ ಹತ್ತಿದ.

 ಚಾಲಕನ ಭುಜ ಹಿಡಿದು ನೆಟ್ಟಗಾದ. ಈಗ ಎಲ್ಲ ತಲೆಗಳ ಮೇಲಿಂದ ಪರದೆ ಪೂರ್ತಿ ಕಂಡಿತು. ವೇದಿಕೆಯಿಂದ ತೆಗೆದ ದೃಶ್ಯ. ಕೆಳಗಿನ ಅಂಚಿನಿಂದ ಕತ್ತಲಿನವರೆಗೂ ಬರೀ ಬೆನ್ನು. ಸಾವಿರಾರು ಕತ್ತು. ಕಪ್ಪು ಅಂಗಿಗಳ ಒಂದು ದೊಡ್ಡ ಪರೀಕ್ಷಾ ಕೊಠಡಿ.

ಅವನಿಗೆ ಒಂದು ಬಗೆಯ ಧೈರ್ಯ ಬಂತು. ಬೆನ್ನಾದರೆ ಬೆನ್ನು. ಇದು ತನ್ನ ವಿದ್ಯೆ.

ಅಷ್ಟರಲ್ಲಿ ಚಾಲಕ ಹಾಡುವುದನ್ನು ನಿಲ್ಲಿಸಿದ. ತನ್ನೆದುರು ಎತ್ತರಕ್ಕೆ ಎದ್ದು ನಿಂತ ಉಪನ್ಯಾಸಕನ ಮುಖವನ್ನು ನೋಡಿ, ನಗುತ್ತಿದ್ದ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಆಮೇಲೆ ಮಗಳದು. ಆಮೇಲೆ ಅವರ ಪಕ್ಕದವರದು. ಹಿಂದಿನ ಗೋಡೆಯ ಕಿಂಡಿಯಿಂದ ಪರದೆಗೆ ಹೋಗುವ ಪ್ರೊಜೆಕ್ಟರಿನ ಬೆಳಕು ಅವನ ನರೆತಲೆಯ ಮೇಲೆ ಬಿದ್ದಿತ್ತು. ಮುಂದಿನ ಸಾಲುಗಳಿಗೂ ಅವನೀಗ ಕಾಣುತ್ತಿದ್ದ. ಒಂದೊಂದು ಸಾಲಾಗಿ ಹಾಡು ನಿಲ್ಲುತ್ತ, ನಗು ನಿಲ್ಲುತ್ತ, ಪರದೆಯ ಕಡೆಗೆ ಸಾಗಿತು. ಗುಂಗುರು ಕಣ್ಣು ತೆರೆದ. ಅವನೂ ನಿಲ್ಲಿಸಿದ.

ಪರದೆಯೊಳಗಿನವರು ಮಾತ್ರ ಹಾಡುತ್ತಿದ್ದರು, ಆ ಕಡೆ ಮುಖ ಮಾಡಿಕೊಂಡು.

ಅವನು ಲೆಕ್ಕ ಹಿಡಿದ. ಮೊದಲನೆಯ ಸಾಲು. ಎರಡನೆಯದು. ಮೂರನೆಯ ಸಾಲಿನಲ್ಲಿ, ಬೇಲಿಯ ಹತ್ತಿರ, ಬೆನ್ನುಗಳಿರಲಿಲ್ಲ. ಅಲ್ಲಿ ದುಂಡಗಿನ ಒಂದು ಕಪ್ಪು ಕೂತಿತ್ತು. ಅದಕ್ಕೆ ಎರಡು ಕಿವಿ ಇದ್ದವು.

ಅವನು ಎಡಕ್ಕೆ ವಾಲಿದ. ಕಪ್ಪು ಎಡಕ್ಕೆ ವಾಲಿತು. ಬಲಕ್ಕೆ ವಾಲಿದ. ಅದು ಬಲಕ್ಕೆ ಬಂತು. ಕುರ್ಚಿಯಿಂದ ಇಳಿದರೆ ಅದು ಹೋಗುತ್ತಿತ್ತು; ಇಳಿದರೆ ಪರದೆಯೂ ಕಾಣುತ್ತಿರಲಿಲ್ಲ. ಹಾಡಿನ ಕೊನೆಯ ಸಾಲು ಬಂದಂತಿತ್ತು, ಪರದೆಯ ಅಂಚಿನಲ್ಲಿ ಒಂದೆರಡು ಕತ್ತುಗಳು ಈ ಕಡೆ ಹೊರಳಲು ಮೊದಲಾಗಿದ್ದವು.

ಅವನು ತುದಿಗಾಲಿನ ಮೇಲೆ ನಿಂತ. ಕಪ್ಪು ಇನ್ನಷ್ಟು ಎತ್ತರಕ್ಕೆ ಬೆಳೆಯಿತು.