ಓರ್ನೆವಾಲ್‌ನ ಹನ್ನೆರಡನೆಯ ಕೌಂಟ್

ನೋಟರಿ ಪಿನೆಲ್ ಪ್ರತಿ ಹಾಳೆ ತಿರುವುವ ಮುಂಚೆಯೂ ತೋರುಬೆರಳನ್ನು ನಾಲಿಗೆಗೆ ತಾಗಿಸುತ್ತಾನೆ, ಕೆಳತುಟಿಯ ಮೇಲೆ ಶಾಯಿಯ ನೀಲಿ ಚುಕ್ಕೆಯೊಂದು ಕೂತಿದೆ, ಯಾರಾದರೂ ಹೇಳಬಾರದೇ ಇವನಿಗೆ, ತಾನೇ ಹೇಳಲೇ, ಬೇಡ, ಹೇಳಲೇಬೇಕಾದ್ದನ್ನು ಮೂವತ್ತೆರಡು ವರ್ಷ ಹೇಳದೆ ಉಳಿದವಳು ಈಗ ಈ ಚುಕ್ಕೆಯ ಸಂಗತಿ ಹೇಳಿ ಏನು ಉದ್ಧಾರ ಮಾಡಬೇಕಿದೆ — ಬ್ಲಾಂದಿನ್ ಕುರ್ಚಿಯಲ್ಲಿ ಸರಿದು ಕೂತಳು, ಸೊಂಟ ಹಿಡಿದಿದೆ, ಐವತ್ತಾರಕ್ಕೇ ಈ ಗತಿ, ಅಣ್ಣ ಎಮಾರ್‌ಗೂ ಹೀಗೇ ಸೊಂಟದಿಂದಲೇ ಶುರುವಾಗಿತ್ತು, ಜುಲೈ ತಿಂಗಳಲ್ಲಿ ಅವನನ್ನು ಮಣ್ಣಿಗಿಟ್ಟು ಬಂದಾಗಿದೆ, ಹನ್ನೊಂದನೆಯ ಕೌಂಟ್, ಹೆಂಡತಿ ಇಲ್ಲ ಮಕ್ಕಳಿಲ್ಲ, ಈಗ ಅಕ್ಟೋಬರ್, ಮತ್ತು ಕಿಟಕಿಯ ಬಳಿ ಕೂತ ದಾಯಾದಿ ಗೊಂಜಾಗ್ ಆಗಲೇ ಕಿರುಬೆರಳಿಗೆ ವಂಶದ ಉಂಗುರ ಹಾಕಿಕೊಂಡು ಬಂದಿದ್ದಾನೆ, ಪ್ಯಾರಿಸಿನಿಂದ ಬೆಳಗಿನ ರೈಲಿಗೇ ಬಂದನಂತೆ, ಅಷ್ಟು ಆತುರ. ಒಂದು ಸಹಿ ಅಷ್ಟೇ ಮದ್ಮೊಜೆಲ್, ನಿಮ್ಮ ಕಿರಿಯ ಅಣ್ಣ ತಿಬೋ ಅವರು ಮದುವೆಯಾಗದೆ, ಸಂತಾನವಿಲ್ಲದೆ ತೀರಿಕೊಂಡರು ಅಂತ ನಿಮ್ಮ ಒಂದು ಹೇಳಿಕೆ, ಅದು ಸಚಿವಾಲಯಕ್ಕೆ ಹೋದರೆ ಕೌಂಟ್ ಪದವಿ ಗೊಂಜಾಗ್ ಸಾಹೇಬರಿಗೆ ಇಳಿಯುತ್ತೆ, ಅದಕ್ಕೆ ಮುಂಚೆ ವಂಶದ ಪತ್ರ ಓದಿಬಿಡ್ತೀನಿ, ಓದದೆ ಸಹಿ ತಗೋಬಾರದು, ಕಾನೂನು — ಎಂದ ಪಿನೆಲ್, ಬೆರಳು ನಾಲಿಗೆಗೆ ಹೋಯಿತು.

ಕ್ರಿಸ್ತಶಕ ಸಾವಿರದ ಆರುನೂರ ಐವತ್ತೆರಡು, ಆಂಗೆರಾಂ ಎಂಬಾತ ದಂಗೆಯ ಕಾಲದಲ್ಲಿ ರಾಜನ ಗಾಡಿಗಳನ್ನು ಹೊಳೆ ದಾಟಿಸಿದ್ದಕ್ಕಾಗಿ ಹಸಿರು ಅರಗಿನ ಮುದ್ರೆಯೊತ್ತಿದ ರಾಜಪತ್ರ, ಪದವಿ ಗಂಡಿನಿಂದ ಗಂಡಿಗೆ, ಹಿರಿಯನಿಂದ ಹಿರಿಯನಿಗೆ, ವಿವಾಹದಲ್ಲಿ ಹುಟ್ಟಿದವನಿಗೆ ಮಾತ್ರ — ಅವಳಿಗೆ ಬಾಯಿಪಾಠ, ಚಿಕ್ಕಂದಿನಲ್ಲಿ ಅಮ್ಮ ಊಟದ ಮೇಜಿನಲ್ಲಿ ಕೇಳುತ್ತಿದ್ದಳು, ಮೂರನೆಯ ಕೌಂಟ್ ಯಾರು, ಯಾವ ವರ್ಷ ಸತ್ತ, ತಪ್ಪಿದರೆ ಹಣ್ಣಿನ ತಟ್ಟೆ ಹಿಂದಕ್ಕೆ ಹೋಗುತ್ತಿತ್ತು, ಎಮಾರ್ ತೊದಲುತ್ತಿದ್ದ, ತಿಬೋ ಬೇಕೆಂದೇ ತಪ್ಪು ಹೇಳುತ್ತಿದ್ದ, ಮೂರನೆಯವನು ಸೇಬಿನ ಮದ್ಯ ಕುಡಿದು ಬಾವಿಗೆ ಬಿದ್ದ ಅಮ್ಮ ಅಂದು ನಕ್ಕು ಎದ್ದು ಹೋಗುತ್ತಿದ್ದ, ತಾನು, ಹೆಣ್ಣು, ಯಾವ ಕಾಲಕ್ಕೂ ಆ ಸಾಲಿನಲ್ಲಿ ನಿಲ್ಲಲಾಗದವಳು, ತಾನೊಬ್ಬಳೇ ಎಲ್ಲವನ್ನೂ ಸರಿಯಾಗಿ ಒಪ್ಪಿಸುತ್ತಿದ್ದಳು — ಅದರ ಹೆಮ್ಮೆ ಬೇರೆ. ಸಾವಿರದ ಏಳುನೂರ ತೊಂಬತ್ತಮೂರು, ಪಿನೆಲ್‌ನ ದನಿ ಗರಗಸದ ಹಾಗೆ ಸಾಗುತ್ತದೆ, ಜನ ಅರಮನೆಗೆ ನುಗ್ಗಿ ಪತ್ರಗಳನ್ನೆಲ್ಲ ಚೌಕಕ್ಕೆ ತಂದು ಸುಟ್ಟರು, ಆರನೆಯ ಕೌಂಟ್ ದೇಶ ಬಿಟ್ಟಿದ್ದ, ಸಾವಿರದ ಎಂಟುನೂರ ಹದಿನಾರರಲ್ಲಿ ಮರಳಿ ಬಂದ ಮೇಲೆ, ಮೂಲಪತ್ರವಿಲ್ಲದ ಕಾರಣ, ಮೂವರ ಪ್ರಮಾಣದ ಮೇಲೆ ಪದವಿಯನ್ನು ಮತ್ತೆ ಮಾನ್ಯ ಮಾಡಲಾಯಿತು, ಆ ಮೂವರು ಯಾರೆಂದರೆ ಹಳೆಯ ಪಾರುಪತ್ತೆಗಾರ, ಚರ್ಚಿನ ಗಂಟೆ ಬಾರಿಸುವವ, ಮತ್ತು ಪೆರಿನ್ ಎಂಬ ಬಟ್ಟೆ ಒಗೆಯುವ ಹೆಂಗಸು, ಓದುಬರಹ ಬಾರದವಳು, ಬೇಕಾದರೆ ನನ್ನ ಕೈ ಕತ್ತರಿಸಿ, ಹಸಿರು ಮುದ್ರೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಹೇಳಿ ಗುರುತಿಗೆ ಶಿಲುಬೆ ಎಳೆದಳು. ಇದನ್ನು ಎಷ್ಟು ಸಲ ಕೇಳಿಲ್ಲ, ಪ್ರತಿ ಸಲವೂ ಅಮ್ಮ ನಗುತ್ತಿದ್ದಳು, ನೋಡಿ ಎಂಥ ನಿಷ್ಠೆ ಆ ಕಾಲದ ಆಳುಗಳದ್ದು ಎಂದು. ಇಂದು ಮಾತ್ರ ಬ್ಲಾಂದಿನ್ ಪೆರಿನ್‌ಳ ಹೆಸರನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಒಬ್ಬ ಅಗಸಗಿತ್ತಿಯ ಮಾತಿನ ಮೇಲೆ ನಿಂತ ಮನೆ ಇದು, ನೂರ ಅರವತ್ತು ವರ್ಷದಿಂದ.

ಬಿಸಿಲು ಮೇಜಿನ ಮೇಲೆ ಬಿದ್ದಿದೆ, ಆ ದಿನವೂ ಹೀಗೇ ಬಿಸಿಲು, ಸಾವಿರದ ಒಂಬೈನೂರ ನಲವತ್ತನಾಲ್ಕರ ಏಪ್ರಿಲ್, ಊರ ಪುರಸಭೆಯ ಕಟ್ಟಡ, ಮೇಯರ್ ಬೇಗ ಬೇಗ ಓದಿ ಮುಗಿಸಿದ, ದಾಖಲೆ ಪುಸ್ತಕದಲ್ಲಿ ಇಬ್ಬರು ಸಾಕ್ಷಿಗಳು ಸಹಿ ಹಾಕಿದರು, ಶಾಲೆಯ ಮೇಷ್ಟ್ರು ಒಬ್ಬರು, ಇನ್ನೊಬ್ಬಳು ತಾನು, ಇಪ್ಪತ್ತೆರಡರ ಹುಡುಗಿ, ಅಮ್ಮನಿಗೆ ಗೊತ್ತಾದರೆ ಕೊಂದೇ ಹಾಕುತ್ತಾಳೆ, ಏಕೆಂದರೆ ತಿಬೋ ಮದುವೆಯಾಗುತ್ತಿದ್ದುದು ಜೆರ್ಮೆನ್ ಓಜೂಫ್‌ಳನ್ನು, ಅರಮನೆಯ ಕೊಟ್ಟಿಗೆಯಲ್ಲಿ ಹಾಲು ಕರೆದು ಬೆಣ್ಣೆ ಕಡೆಯುವವಳನ್ನು. ಯುದ್ಧ ಮುಗೀಲಿ ಬ್ಲಾಂದಿನ್, ಆಮೇಲೆ ನಾನೇ ಅಮ್ಮನಿಗೆ ಹೇಳ್ತೀನಿ, ಅಲ್ಲೀವರೆಗೆ ಬಾಯಿ ಬಿಡಬೇಡ — ಬಿಡಲಿಲ್ಲ ತಿಬೋ, ಬಿಡಲೇ ಇಲ್ಲ. ಜೂನ್ ತಿಂಗಳು ಬಂತು, ಬಾಂಬು ಸುರಿದು ಆಕಾಶವೇ ಕಳಚಿ ಬಿತ್ತು, ಪುರಸಭೆ ಹೋಯಿತು, ದಾಖಲೆ ಪುಸ್ತಕ ಬೂದಿಯಾಯಿತು, ಅದರ ಎರಡನೆಯ ಪ್ರತಿ ಜಿಲ್ಲಾ ಪಟ್ಟಣದಲ್ಲಿತ್ತು, ಅದೂ ಅದೇ ದಿನ ಉರಿದುಹೋಯಿತು, ಮೇಯರ್ ಸತ್ತ, ಮೇಷ್ಟ್ರು ಸತ್ತರು, ಗಾಯಾಳುಗಳನ್ನು ಹುಲ್ಲಿನ ಗಾಡಿಯಲ್ಲಿ ಸಾಗಿಸುತ್ತಿದ್ದ ತಿಬೋ ರಸ್ತೆಯಲ್ಲೇ ಹೋದ, ಕೋಟನ್ನು ಯಾರೋ ತಂದುಕೊಟ್ಟರು, ಒಳಜೇಬಿನಲ್ಲಿ ಪುಟ್ಟ ಪುಸ್ತಕ, ಮದುವೆಯ ದಿನ ಮೇಯರ್ ಕೊಟ್ಟ ಕುಟುಂಬ ಪುಸ್ತಕ, ಗಂಡ ಹೆಂಡತಿ ಇಬ್ಬರ ಹೆಸರು, ಮಕ್ಕಳಿಗಾಗಿ ಬಿಟ್ಟ ಖಾಲಿ ಪುಟಗಳು. ಅಮ್ಮ ಓದಿದಳು. ಅಳು ನಿಂತಿತು. ಅಡುಗೆಮನೆಯ ಒಲೆಯ ಮುಚ್ಚಳ ಕೊಕ್ಕೆಯಿಂದ ಎತ್ತಿ ಒಳಗೆ ಹಾಕಿದಳು, ಮುಚ್ಚಿದಳು, ಸಾರು ಕುದಿಯುತ್ತಿತ್ತು. ಎಮಾರ್ ಜರ್ಮನರ ಸೆರೆಯಲ್ಲಿದ್ದಾನೆ, ಬರ್ತಾನೋ ಇಲ್ವೋ ದೇವರೇ ಬಲ್ಲ, ಅವನು ಬರದಿದ್ದರೆ ಹಾಲು ಕರೆಯುವವಳ ಹೊಟ್ಟೆಯಲ್ಲಿರೋದು ಓರ್ನೆವಾಲ್‌ನ ಕೌಂಟ್ ಆಗುತ್ತೆ, ಅರ್ಥವಾಯ್ತಾ ನಿನಗೆ — ಅರ್ಥವಾಯಿತು ಅಮ್ಮ ಎಂದಿದ್ದಳು ತಾನು, ಅದನ್ನಾದರೂ ಭಯದಿಂದ ಅಂದಳೆಂದು ಇಟ್ಟುಕೊಳ್ಳೋಣ. ನಲವತ್ತಾರರಲ್ಲಿ? ಎಮಾರ್ ಆಗ ಮರಳಿ ಬಂದಿದ್ದ, ಕೆಮ್ಮುತ್ತ, ಮೂಳೆ ಚಕ್ಕಳವಾಗಿ. ಸುಟ್ಟ ದಾಖಲೆಗಳನ್ನು ಮತ್ತೆ ಬರೆಯಲು ಅಧಿಕಾರಿ ಬಂದ, ಶಾಲೆಯ ಕೊಠಡಿಯಲ್ಲಿ ಮೇಜು ಹಾಕಿ ಕೂತ, ಜನ ಸಾಲಾಗಿ ನಿಂತು ತಮ್ಮ ಹುಟ್ಟು ಮದುವೆ ಸಾವು ಹೇಳಿ ಬರೆಸಿದರು, ಜೆರ್ಮೆನ್ ಕಂಕುಳಲ್ಲಿ ಒಂದು ವರ್ಷದ ಮಗುವನ್ನೆತ್ತಿಕೊಂಡು ಬಂದಿದ್ದಳು, ನನ್ನ ಮದುವೆಗೆ ಸಾಕ್ಷಿ ಇದ್ದಾರೆ ಸ್ವಾಮಿ, ಅಲ್ಲೇ ಕೂತಿದ್ದಾರೆ ನೋಡಿ, ಮದ್ಮೊಜೆಲ್ ಬ್ಲಾಂದಿನ್, ಅವರನ್ನೇ ಕೇಳಿ. ಕೇಳಿದ. ಅಮ್ಮ ಪಕ್ಕದಲ್ಲಿದ್ದಳು ನಿಜ, ಮೊಣಕೈ ಹಿಡಿದಿದ್ದಳು ನಿಜ, ಆದರೆ ನಾಲಿಗೆ ಹಿಡಿದಿರಲಿಲ್ಲವಲ್ಲ. ನನಗೇನೂ ಗೊತ್ತಿಲ್ಲ. ನಾಲ್ಕು ಪದವೂ ಇಲ್ಲ, ಎರಡೇ. ಜೆರ್ಮೆನ್ ಬೈಯಲಿಲ್ಲ, ಕೂಗಲಿಲ್ಲ, ಮಗುವನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿಕೊಂಡು ಹೊರಟುಹೋದಳು, ಆಮೇಲೆ ಪಟ್ಟಣದ ಆಚೆ ಬದಿಯ ಹಾಲಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದು ಅಲ್ಲೇ ಸವೆದಳು, ಐದು ವರ್ಷದ ಹಿಂದೆ ಸತ್ತಳು, ಸಮಾಧಿಯ ಕಲ್ಲಿನ ಮೇಲೆ ಗಂಡನ ಹೆಸರಿಲ್ಲದೆ ಜೆರ್ಮೆನ್ ಓಜೂಫ್ ಅಂತಷ್ಟೇ ಇದೆ, ಬ್ಲಾಂದಿನ್ ಹೋಗಿ ನೋಡಿ ಬಂದಿದ್ದಾಳೆ, ಯಾರೂ ಇಲ್ಲದ ಹೊತ್ತಿನಲ್ಲಿ.

ಬ್ಲಾಂದಿನ್, ನಿಮ್ಮನ್ನೇ ಕರೀತಿರೋದು. ಗೊಂಜಾಗ್ ಪೆನ್ನು ಚಾಚಿದ್ದಾನೆ, ನಗುಮುಖ, ಅವನೇನೂ ಕೆಟ್ಟವನಲ್ಲ, ಎಮಾರ್‌ನ ಕೊನೆಯ ದಿನಗಳಲ್ಲಿ ಎರಡು ಸಲ ಬಂದು ಹಾಸಿಗೆಯ ಪಕ್ಕ ಕೂತಿದ್ದ, ಮೂರು ಗಂಡುಮಕ್ಕಳ ತಂದೆ, ಪದವಿಗೆ ಇನ್ನು ನೂರು ವರ್ಷ ಚಿಂತೆಯಿಲ್ಲ, ಸಹಿ ಹಾಕಿದರೆ ಮನೆಗೆ ಹೋಗಿ ಕಾಲು ಚಾಚಬಹುದು, ಯಾರಿಗೆ ನಷ್ಟ, ಜೆರ್ಮೆನ್ ಇಲ್ಲ, ಅಮ್ಮ ಇಲ್ಲ, ಆ ಹುಡುಗ ಎಲ್ಲೋ ಸೂರುಗಳ ಮೇಲೆ ಕಲ್ಲಹಂಚು ಹೊದಿಸಿಕೊಂಡು ಬದುಕಿದ್ದಾನೆ, ಅವನಿಗೆ ಕೌಂಟ್ ಅಂದರೆ ಏನು ಅಂತ — ಕೈ ಪೆನ್ನು ತಗೊಂಡಿತು, ಪೆನ್ನು ತಣ್ಣಗಿತ್ತು, ಮತ್ತು ಬಾಯಿ, ಅವಳ ಅನುಮತಿ ಕೇಳದೆ, ತಿಬೋಗೆ ಮದುವೆಯಾಗಿತ್ತು ಎಂದಿತು. ಪಿನೆಲ್‌ನ ಬೆರಳು ತುಟಿಯ ಬಳಿ ನಿಂತಿತು. ಏನಂದ್ರಿ? ತಿಬೋಗೆ ಮದುವೆಯಾಗಿತ್ತು, ಪುರಸಭೆಯಲ್ಲಿ, ಕಾನೂನು ಪ್ರಕಾರ, ಜೆರ್ಮೆನ್ ಓಜೂಫ್ ಜೊತೆ, ಮಗನಿದ್ದಾನೆ, ರೆಮಿ ಅಂತ. ಗೊಂಜಾಗ್ ಮೊದಲು ನಕ್ಕ, ಆಯಾಸ ಆಗಿದೆ ನಿಮಗೆ, ಒಂದು ಲೋಟ ನೀರು ತರಿಸ್ರೀ ಪಿನೆಲ್, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಇದಕ್ಕೆ ದಾಖಲೆ ಎಲ್ಲಿದೆ? ಸುಟ್ಟುಹೋಯಿತು. ಸಾಕ್ಷಿ? ನಾನೇ. ನೀವು! ಇಷ್ಟು ವರ್ಷ ನಿಮ್ಮ ನಾಲಿಗೆ ಎಲ್ಲಿ ಮೇಯೋಕೆ ಹೋಗಿತ್ತು, ಬ್ಲಾಂದಿನ್? ಒಂದು ಹಾಲಿನವಳ ಮಗನ್ನ ಎಮಾರ್ ಅಣ್ಣನ ಜಾಗದಲ್ಲಿ ಕೂರಿಸೋಕೆ ಇವತ್ತೇ ಮುಹೂರ್ತ ಬಂತಾ? ನಿಮ್ಮ ಮಾತನ್ನ ಯಾರು ನಂಬಬೇಕು? ನಂಬಬೇಡ ಗೊಂಜಾಗ್, ನಂಬಬೇಕು ಅಂತ ನಾನೂ ಹೇಳ್ತಿಲ್ಲ, ಪೆರಿನ್‌ಳ ಮಾತನ್ನೂ ಆವತ್ತು ಯಾರೋ ನಂಬಿದರು ಅಷ್ಟೇ, ಇಲ್ಲದಿದ್ದರೆ ನೀನು ಈಗ ಹಾಕ್ಕೊಂಡಿರೋ ಉಂಗುರ ಇರ್ತಿರಲಿಲ್ಲ. ಪಿನೆಲ್ ಕನ್ನಡಕ ತೆಗೆದ, ಮದ್ಮೊಜೆಲ್, ನಲವತ್ತಾರರಲ್ಲಿ ಅಧಿಕಾರಿಯ ಮುಂದೆ ಬೇರೆ ಹೇಳಿದ್ದೀರಿ, ಈ ಕಡತದಲ್ಲೇ ಇದೆ, ಈಗ ಇದು ಬರೆದರೆ ಅದು ಸುಳ್ಳು ಅಂತ ನೀವೇ ಒಪ್ಪಿದ ಹಾಗೆ, ಕೋರ್ಟಿಗೆ ಹೋಗುತ್ತೆ, ವರ್ಷಗಟ್ಟಲೆ ಎಳೆಯಬಹುದು, ಊರು ಆಡಿಕೊಳ್ಳುತ್ತೆ, ಕೊನೆಗೆ ನ್ಯಾಯಾಧೀಶರು ನಿಮ್ಮೊಬ್ಬರ ಮಾತು ಸಾಲದು ಅನ್ನಲೂಬಹುದು. ಬರ್ಕೊಳ್ಳಿ. ಬರೆದುಕೊಂಡ. ಸಹಿ ಹಾಕಿದಳು. ಗೊಂಜಾಗ್ ಟೋಪಿ ಎತ್ತಿಕೊಂಡವನು ಬಾಗಿಲಲ್ಲಿ ತಿರುಗಿ, ದೊಡ್ಡಮ್ಮ ಬದುಕಿದ್ದಿದ್ದರೆ, ಎಂದ, ಬಾಗಿಲು ಎಳೆದುಕೊಂಡು ಹೋದ, ಹೌದು, ಅಮ್ಮ ಬದುಕಿದ್ದಿದ್ದರೆ ಇಷ್ಟು ಧೈರ್ಯ ಬರುತ್ತಿತ್ತೇ, ಬರುತ್ತಿರಲಿಲ್ಲ, ಸತ್ತವರ ಮುಂದೆ ಮಾತ್ರ ಗಟ್ಟಿಯಾಗುವ ಧೈರ್ಯ ಇದು.

ಈಗ ನಡೆಯುತ್ತಿದ್ದಾಳೆ, ಸೇಬಿನ ಗಾಡಿಗಳು, ಹುಳಿ ವಾಸನೆ, ಸೊಂಟ ನೋಯುತ್ತದೆ, ಹೊಸ ಮಾರುಕಟ್ಟೆಯ ಸೂರಿನ ಮೇಲೆ ಕೆಲಸ ನಡೆದಿದೆ, ರೆಮಿ ಅಲ್ಲಿದ್ದಾನೆಂದು ಬ್ರೆಡ್ಡಿನ ಅಂಗಡಿಯವಳು ಹೇಳಿದಳು, ಅಗೋ ಮೇಲೆ, ಸುತ್ತಿಗೆಯ ಸದ್ದು, ಅವನ ಬೆನ್ನು — ತಿಬೋನ ಬೆನ್ನು ಅದು, ಇಷ್ಟು ವರ್ಷ ಅವನಿದ್ದ ಬೀದಿಗಳನ್ನು ತಪ್ಪಿಸಿ ಓಡಾಡಿದ್ದು ಈ ಬೆನ್ನಿಗೆ ಹೆದರಿಯೇ. ಏಣಿಯಿಂದ ಇಳಿದು ಬಂದ, ಮೈಮೇಲೆಲ್ಲ ಹಂಚಿನ ಬೂದುಪುಡಿ, ಏನ್ ಮದ್ಮೊಜೆಲ್, ಅರಮನೆ ಸೋರ್ತಿದೆಯಾ? ಹೇಳಿದಳು. ನಿಂತಲ್ಲೇ, ಬೀದಿಯಲ್ಲೇ, ಎಲ್ಲವನ್ನೂ, ಏಪ್ರಿಲ್, ಒಲೆ, ಶಾಲೆಯ ಕೊಠಡಿ, ನಾನು ಸುಳ್ಳು ಹೇಳಿದೆ, ಇವತ್ತು ನಿಜ ಬರೆಸಿ ಬಂದೆ, ಲೆಕ್ಕಕ್ಕೆ ನೀನು ಹನ್ನೆರಡನೆಯ ಕೌಂಟ್. ಅವನು ಗಹಗಹಿಸಿ ನಕ್ಕ, ಮೇಲಿದ್ದವರಿಗೆ ಕೂಗಿದ, ಏಯ್ ಟೋಪಿ ತೆಗೀರೋ, ಕೌಂಟ್ ಸಾಹೇಬ್ರು ನಿಂತಿದ್ದಾರೆ ಇಲ್ಲಿ, ಮೇಲಿನಿಂದಲೂ ನಗು ಬಂತು, ಸಾಹೇಬ್ರೇ ಮೊಳೆ ಕಳಿಸ್ರಿ ಎಂದು ಯಾರೋ ಕೂಗಿದ, ಆಮೇಲೆ ರೆಮಿ ಹಂಚಿನ ರಾಶಿಯ ಮೇಲೆ ಕೂತ, ಕೂತವನ ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ಅಮ್ಮ ಹೇಳ್ತಿದ್ದಳು, ಎಂದ. ನಾನೂ ಮದುವೆಯಾದವಳು ಕಣೋ ಅಂತ ಹೇಳ್ತಾನೇ ಇದ್ದಳು, ಶಾಲೇಲಿ ಎಲ್ಲರೂ ನನ್ನ ಹಾದರಕ್ಕೆ ಹುಟ್ಟಿದವನು ಅಂತಿದ್ರು, ನನಗೆ ಹದಿನಾರು, ಒಂದು ದಿನ ಮನೆಗೆ ಬಂದು ಅವಳ ಮುಖಕ್ಕೇ ಅಂದೆ, ಸುಳ್ಳಿ, ಇನ್ನೊಂದ್ಸಲ ಆ ಮದುವೆ ಕಥೆ ಹೇಳಿದ್ರೆ ಮನೆ ಬಿಟ್ಟು ಹೋಗ್ತೀನಿ ಅಂತ. ಆಮೇಲೆ ಹೇಳಲಿಲ್ಲ. ಸಾಯೋವರೆಗೂ ಹೇಳಲಿಲ್ಲ.

ಕ್ಷಮಿಸು ಎನ್ನಬೇಕು, ಆ ಪದ ಬಾಯಲ್ಲಿ ಇಟ್ಟುಕೊಂಡೇ ನಿಂತಿದ್ದಾಳೆ, ಬೇಡ, ಕ್ಷಮಿಸು ಎಂದರೆ ಅವನು ಏನಾದರೂ ಹೇಳಲೇಬೇಕಾಗುತ್ತದೆ, ಅಷ್ಟನ್ನೂ ಅವನಿಂದ ಕೇಳುವುದೇ. ನಿಮ್ಮ ಪದವಿ ನೀವೇ ಇಟ್ಕೊಳ್ಳಿ, ಎಂದ ರೆಮಿ, ಕೋರ್ಟಿಗೆ ಬಾ ಅಂದ್ರೆ ಬರ್ತೀನಿ, ಅವಳ ಕಲ್ಲಿನ ಮೇಲೆ ಹೆಸರು ಬದಲಾಯಿಸಬೇಕು, ಅದಕ್ಕೆ ಬರ್ತೀನಿ. ತಲೆ ಎತ್ತಿದ, ಕಣ್ಣಿನ ಸುತ್ತ ಪುಡಿ ಕೆಸರಾಗಿತ್ತು. ಆವತ್ತು ನೀವಿದ್ರಲ್ಲ, ಏನ್ ಉಟ್ಟಿದ್ದಳು ಅವಳು? ಏನು ಉಟ್ಟಿದ್ದಳು. ಬಿಳಿಯೇ, ಅಲ್ಲ, ಯುದ್ಧಕಾಲ, ಬಿಳಿ ಎಲ್ಲಿಂದ ಬರಬೇಕು, ನೀಲಿ ಇರಬೇಕು, ಅಥವಾ ಅದು ಮೇಷ್ಟ್ರ ಕೋಟೇ, ಹನ್ನೊಂದು ಕೌಂಟ್‌ಗಳು ಸತ್ತ ವರ್ಷಗಳು ಒಂದೂ ತಪ್ಪದೆ ತಲೆಯಲ್ಲಿವೆ, ಆ ಹುಡುಗಿಯ ಉಡುಪು ಇಲ್ಲ, ಮುಖವೂ ಮಸುಕು, ನೆನಪಾಗು, ಬಾಗಿಲು, ಬಿಸಿಲು, ಹೊರಗೆ ಬಂದರು, ಮೆಟ್ಟಿಲು — ಬೂಟು. ಹೌದು, ಬೂಟು, ಎರವಲು ತಂದದ್ದು, ದೊಡ್ಡದಾಗಿತ್ತು, ಮುಂದೆ ಕಾಗದ ತುರುಕಿದ್ದಳು, ಎರಡನೆಯ ಮೆಟ್ಟಿಲಲ್ಲಿ ಬಲಗಾಲಿನದು ಕಳಚಿ ಕೆಳಗೆ ಉರುಳಿತು, ತಿಬೋ ಅದನ್ನು ತರಲು ಓಡಿದ, ಅವಳು ಬ್ಲಾಂದಿನ್‌ಳ ಹೆಗಲು ಹಿಡಿದು ಒಂಟಿ ಕಾಲಲ್ಲಿ ನಿಂತಳು, ಈ ಹೆಗಲು, ಇದೇ, ಬಿಡಬೇಡಿ ಮದ್ಮೊಜೆಲ್ ಬಿದ್ದುಬಿಡ್ತೀನಿ ಎಂದು ನಗುತ್ತ, ಬೂದು ಕಾಲುಚೀಲ, ಹಿಮ್ಮಡಿಯಲ್ಲಿ ಬೇರೆ ಬಣ್ಣದ ದಾರದ ಹೊಲಿಗೆ, ರೆಮಿ ಕಾಯುತ್ತಿದ್ದಾನೆ, ಹೇಳಬೇಕು, ಹೇಗೆ ಹೇಳುವುದು, ಬಿಡಬೇಡಿ ಮದ್ಮೊಜೆಲ್, ಎತ್ತಿದ ಆ ಕಾಲು, ಹೊಲಿದ ಹಿಮ್ಮಡಿ, ನೆಲಕ್ಕೆ ಒಂದು ಗೇಣು ಮೇಲೆ, ಆ ಕಾಲು —